ಬೋಣಿ ಜೋಡಿ

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರು, ಬಟ್ಟೆ ಅಂಗಡಿಯ ಮಹಡಿಯ ಮೇಲೆ ನನ್ನ ಸೋದರಮಾವನ ವಧು-ವರರ ಕೇಂದ್ರ. ಹೆಣ್ಣು ತೋರಿಸಿ, ಗಂಡು ತೋರಿಸಿ ಎಂದು ಕೂಡ್ಲಿಗಿಯಿಂದ ಹರಪನಹಳ್ಳಿವರೆಗಿನ ಜನ ಅಲ್ಲಿಗೆ ಬರುತ್ತಾರೆ. ನಾನು ಬಿಸಿಎ ಮುಗಿಸಿ ಹಂಪಸಾಗರದ ಮನೆಯಲ್ಲಿ ಕೂತಿದ್ದಾಗ ಮಾವನೇ ಬಂದ. "ಸುಮ್ನ ಕುಂತು ಏನ್ ಮಾಡ್ತಿ? ನಮ್ಮ ಆಫೀಸಿಗೆ ಒಂದು ಪ್ರೋಗ್ರಾಂ ಮಾಡಿಕೊಡು ಬಾರವ್ವ" ಎಂದು ಕರೆದುಕೊಂಡು ಹೋದ.

ಮಾಡಿದೆ. ಹುಡುಗಿಯರಿಗೊಂದು ಕೋಷ್ಟಕ, ಹುಡುಗರಿಗೊಂದು ಕೋಷ್ಟಕ, ತಲೆಗೊಂದು ಸಾಲು. ಮಾತುಕತೆ ಮುಗಿದು ಎಲೆ-ಅಡಿಕೆ ಆದರೆ ಹುಡುಗಿಯ ಸಾಲಿನಲ್ಲಿ ಹುಡುಗನ ನಂಬರು, ಹುಡುಗನ ಸಾಲಿನಲ್ಲಿ ಹುಡುಗಿಯ ನಂಬರು ಹೋಗಿ ಕೂರುತ್ತದೆ. ಆಮೇಲೆ ಅವರಿಬ್ಬರನ್ನು ಪ್ರೋಗ್ರಾಂ ಬೇರೆ ಯಾರಿಗೂ ತೋರಿಸುವುದಿಲ್ಲ. ಕೂಡಿಸಿದ್ದನ್ನು ಬಿಡಿಸುವುದಕ್ಕೂ ಒಂದು ಬಟನ್ ಇಡಲೇ ಎಂದು ಕೇಳಿದ್ದಕ್ಕೆ ಮಾವ ಕಿವಿ ಮುಚ್ಚಿಕೊಂಡ. "ಥೂ, ಅಪಶಕುನ ನುಡೀಬ್ಯಾಡ. ಎಲಿ ಅಡಿಕಿ ಆದಮ್ಯಾಲ ಬಿಡಸಾ ಮಾತ ಇಲ್ಲ. ಬರೇ ಕೂಡಸಾದು ಇಡು."

ಪ್ರೋಗ್ರಾಂ ತಯಾರಾದ ದಿನ ಅದಕ್ಕೆ ಊದುಬತ್ತಿ ಬೆಳಗಿದ. ಅಂಗಡಿ ತೆರೆದ ಮೇಲೆ ಮೊದಲ ವ್ಯಾಪಾರ ಬೋಣಿ. ಬೋಣಿ ಚೆನ್ನಾದರೆ ದಿನವೆಲ್ಲ ಚೆನ್ನ, ಬೋಣಿ ಹೊತ್ತಿನಲ್ಲಿ ಯಾರೂ 'ಇಲ್ಲ' ಅನ್ನಬಾರದು. "ಬೋಣಿ ನಮ್ಮನೀದ ಆಗ್ಲಿ" ಅಂದ ಮಾವ. "ನೀನು, ನಮ್ಮ ಹುಡುಗ. ಹಾಕವ್ವ."

ನಮ್ಮ ಹುಡುಗ ಅಂದರೆ ಅವನ ಮಗ. ಅದೇ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು. ನಾನು ತೊಟ್ಟಿಲಲ್ಲಿದ್ದಾಗಲೇ 'ಇಕಿ ನಮ್ಮನಿ ಸೊಸಿ' ಎಂದು ಅತ್ತೆ ಹೇಳಿಟ್ಟಿದ್ದರಂತೆ. ಅವನು ಒಳ್ಳೆಯವನೇ, ದೂರುವುದಕ್ಕೆ ಏನೂ ಇಲ್ಲ. ನನ್ನ ಸಂಕಟವೇ ಅದು. ದೂರುವುದಕ್ಕೆ ಏನಾದರೂ ಇದ್ದಿದ್ದರೆ ಯಾರಾದರೂ ನನ್ನ ಮಾತು ಕೇಳುತ್ತಿದ್ದರು. ನನಗೆ ಅವನು ಬೇಡವಾಗಿದ್ದನೋ ಬೇಕಾಗಿದ್ದನೋ ನನಗೇ ಗೊತ್ತಿರಲಿಲ್ಲ, ಯಾಕೆಂದರೆ 'ನಿನಗೆ ಒಪ್ಪಿಗೆಯೇನೇ?' ಎಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಊದುಬತ್ತಿಯ ಹೊಗೆಯಲ್ಲಿ ನನ್ನ ಕೈಯಾರೆ ನನ್ನನ್ನು ಅವನಿಗೆ ಕಟ್ಟಿದೆ. ಎಲ್ಲರೂ ಪೇಡೆ ತಿಂದರು.

ಹೀಗಿರುವಾಗ ಇಟ್ಟಿಗಿಯಿಂದ ಒಬ್ಬ ತಾಯಿ, ಮಗಳನ್ನು ಕರೆದುಕೊಂಡು ಬಂದಳು. ಎಲೆ-ಅಡಿಕೆ ಆದ ಮೇಲೆ ಗಂಡಿನ ಕಡೆಯವರು ಹಿಂದೆ ಸರಿದಿದ್ದರು. ಬೇರೆ ಕಡೆ ನೋಡೋಣವೆಂದರೆ ನನ್ನ ಪ್ರೋಗ್ರಾಂ ಆ ಹುಡುಗಿಯನ್ನು ಯಾರಿಗೂ ತೋರಿಸುತ್ತಿರಲಿಲ್ಲ. "ಆಕಿ ಸಾಲು ಕಿತ್ತು ಹಾಕಿ ಹೊಸದಾಗಿ ಬರಿ" ಅಂದ ಮಾವ. ಅದೂ ಆಗಲಿಲ್ಲ. ಹುಡುಗನ ಸಾಲು ಆಕೆಯ ನಂಬರನ್ನು ಹಿಡಿದುಕೊಂಡಿರುವ ತನಕ ಅಳಿಸಲು ಬಿಡುವುದಿಲ್ಲವೆಂದು ಡೇಟಾಬೇಸ್ ಹಟ ಹಿಡಿಯಿತು. ಅಷ್ಟರಲ್ಲಿ ಹುಡುಗಿಯೇ ಬಾಯಿ ಬಿಟ್ಟಳು.

"ಅಕ್ಕಾರ, ನನ್ನ ಯಾಕ ಅಳಸ್ತೀರಿ? ನಾ ಇರ್ತೀನಿ. ಅವನ್ನ ಅಷ್ಟ ಬಿಡಸ್ರಿ."

ಸರಿಯಾದ ಮಾತು. ಸಾಲು ಸಾಲಾಗಿಯೇ ಇರಬೇಕು, ನಂಬರು ಕೂತ ಜಾಗ ಮಾತ್ರ ಖಾಲಿಯಾಗಬೇಕು. ಮಾವ ವಿಧಿಯಿಲ್ಲದೆ ಹೂಂಗುಟ್ಟಿ ಊಟಕ್ಕೆ ಹೋದ. ನಾನು ಕೂತು ಬಿಡಿಸುವ ಕೋಡ್ ಬರೆದೆ. ಬರೆದ ಮೇಲೆ ಪರೀಕ್ಷೆ ಮಾಡಬೇಕಲ್ಲ, ಬೇರೆಯವರ ಮಕ್ಕಳ ಮೇಲೆ ಮಾಡುವುದು ಹೇಗೆ? ನನ್ನ ಸಾಲಿನ ಮೇಲೆ ಓಡಿಸಿದೆ.

ಅವನ ನಂಬರಿದ್ದ ಜಾಗ ಖಾಲಿಯಾಯಿತು. ಎಷ್ಟು ಸಂತೋಷವಾಯಿತೆಂದರೆ, ಸುಳ್ಳೇಕೆ, ಎದ್ದು ಕಿಟಕಿ ತೆಗೆದೆ. ಕೆಳಗೆ ಹೋಗಿ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದು ಬಂದೆ. ಮತ್ತೆ ನಂಬರು ಹಾಕಬೇಕೆಂಬುದು ನೆನಪಿತ್ತು. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರಲಿ ಎಂದು ಹಾಗೇ ಬಿಟ್ಟೆ.

ಸಂಜೆಯಾದ ಕೂಡಲೇ ಪ್ರೋಗ್ರಾಂ ತನ್ನ ಕೆಲಸ ಮಾಡಿತು. ಖಾಲಿ ಇರುವ ಹುಡುಗಿಯರ ಫೋಟೊ, ವಿವರಗಳನ್ನು ಗಂಡಿನವರ ಮನೆಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುವುದು ಅದರ ನಿತ್ಯದ ಕೆಲಸ. ಸ್ವಲ್ಪ ಹೊತ್ತಿಗೆ ಮಾವನ ಫೋನು ಹೊಡೆದುಕೊಂಡಿತು. ಸ್ಪೀಕರ್ ಹಾಕಿಯೇ ಮಾತಾಡುವವನು ಅವನು. ಹಡಗಲಿಯ ಮಲ್ಲಿಗೆ ಹೂವಿನ ವ್ಯಾಪಾರಿಯೊಬ್ಬರು. "ಹಂಪಸಾಗರದ ಹುಡುಗಿ ಬಾಳ ಚಲೋ ಅದಾಳ್ರಿ. ಮನ್ಯಾಗ ಎಲ್ಲಾರೂ ಒಪ್ಯಾರ. ನೋಡಾಕ ಯಾವಾಗ ಬರೋಣ್ರಿ?"

ಮಾವ ಏನೋ ತಡವರಿಸಿ ಫೋನಿಟ್ಟ. ಮುಖ ಕೆಂಪಾಗಿತ್ತು. ಗದರಿದ್ದರೆ ನಾನೂ ತಿರುಗಿ ಗದರುತ್ತಿದ್ದೆ, ನಾಲಿಗೆ ಸಿದ್ಧವಾಗಿಯೇ ಇತ್ತು. ಅವನು ಗದರಲಿಲ್ಲ. ಸಣ್ಣ ದನಿಯಲ್ಲಿ, "ಕಂಪ್ಯೂಟರ್ ತಪ್ಪು ಮಾಡ್ತೇನವ್ವ?" ಅಂದ.

ನಾನು ತೆರೆಯ ಕಡೆ ತಿರುಗಿ ಅವನ ಮಗನ ಸಾಲು ತೆಗೆದೆ. ನನ್ನ ನಂಬರು ಅಲ್ಲಿ ಗಟ್ಟಿಯಾಗಿ ಕೂತಿತ್ತು. ನನ್ನ ಕಡೆಯಿಂದ ಬಿಡಿಸಿಕೊಂಡಿದ್ದೆ, ಅವನ ಕಡೆ ಬಿಡಿಸುವುದನ್ನು ಬರೆಯಲು ಮರೆತಿದ್ದೆ. ಮಾವ ಉತ್ತರಕ್ಕೆ ಕಾಯುತ್ತಿದ್ದ. ಎಂದೂ ಬೈಯದ ಮನುಷ್ಯ, ನನ್ನ ಫೀಸು ಕಟ್ಟಿದ ಮನುಷ್ಯ.

"ಹೂಂ ಮಾವ, ಕೋಡ್‌ನ್ಯಾಗ ತಪ್ಪಾತು" ಅಂದೆ.

"ಹಂಗನ್ನು ಮತ್ತ! ನನ್ನ ಜೀವ ಹಾರಿತ್ತು" ಎಂದು ನಕ್ಕುಬಿಟ್ಟ. ಅವನೆದುರೇ ನಂಬರು ಮತ್ತೆ ಹಾಕಿದೆ. ಮರುದಿನ ಎರಡೂ ಕಡೆ ಬಿಡಿಸುವ ಹಾಗೆ ಕೋಡ್ ತಿದ್ದಿ ಇಟ್ಟಿಗಿಯ ಹುಡುಗಿಯನ್ನು ಬಿಡಿಸಿದೆ. ಆಕೆ ಹೋಗುವಾಗ ಮೆಲ್ಲಗೆ, "ಮೊದಲ ಸಲ ಕೂಡಸಿದಾಗನೂ ನನ್ನ ಯಾರೂ ಕೇಳಿರ್ಲಿಲ್ಲ ಅಕ್ಕಾರ" ಅಂದಳು.

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಮದುವೆಯಾಗಿ ಅದೇ ಮಾವನ ಮನೆ ಸೇರಿ, ಅವರ ಜೊತೆಗಿನ ಮಾತಿಗೆ 'ರಿ' ಅಂಟಿಕೊಂಡ ಮೇಲೂ ಪ್ರೋಗ್ರಾಂ ನೋಡಿಕೊಳ್ಳುವವಳು ನಾನೇ. ಈ ವರ್ಷ ಹಟ ಹಿಡಿದು ಒಂದನ್ನು ಸೇರಿಸಿದೆ. ಜೋಡಿ ಕೂಡಿಸಿದರೆ ಹುಡುಗಿಯ ಸ್ವಂತ ಫೋನಿಗೆ ಒಂದು ಪ್ರಶ್ನೆ ಹೋಗಬೇಕು. ಆಕೆ ಇಲ್ಲವೆಂದರೆ ಎರಡೂ ಕಡೆ ತಾನಾಗಿಯೇ ಬಿಟ್ಟುಕೊಳ್ಳಬೇಕು. ಮಾವ ತಲೆ ಕೆರೆದುಕೊಂಡು ಒಪ್ಪಿದರು, ಒಂದು ಷರತ್ತಿನ ಮೇಲೆ. "ಮೂರು ದಿನ ಉತ್ತರ ಬರ್ಲಿಲ್ಲಂದ್ರ ಹೂಂ ಅಂತನ ತಿಳಕಾಬೇಕು. ಮೌನಂ ಸಮ್ಮತಿ ಲಕ್ಷಣಂ." ಅಷ್ಟಾದರೂ ಆಯಿತಲ್ಲ ಎಂದು ಹಾಗೇ ಬರೆದೆ.

ಹಳೆಯ ಜೋಡಿಗಳನ್ನು ಬಿಟ್ಟು ಓಡಿಸಬೇಕಿತ್ತು, ಮರೆತೆ. ಕೋಡ್ ಬೋಣಿ ಜೋಡಿಯಿಂದಲೇ ಶುರು ಮಾಡಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ನನ್ನ ಫೋನು ಸದ್ದು ಮಾಡಿತು. ಹಿಟ್ಟಿನ ಕೈಯಲ್ಲೇ ತೆಗೆದು ನೋಡಿದೆ. ಈ ಹುಡುಗನನ್ನು ಮದುವೆಯಾಗಲು ನಿಮಗೆ ಒಪ್ಪಿಗೆ ಇದೆಯೇ?

ಅಷ್ಟು ವರ್ಷಕ್ಕೆ ಮೊದಲ ಸಲ ನನ್ನನ್ನು ಕೇಳಿದ್ದು. ಕೇಳಿದವಳೂ ನಾನೇ. ಕಣ್ಣಲ್ಲಿ ನೀರು ಬಂತು, ಯಾತಕ್ಕೆಂದು ಹೇಳಲಾರೆ. ಹೊರಗೆ ಊಟಕ್ಕೆ ಕೂತ ಗಂಡ ಇನ್ನೊಂದು ರೊಟ್ಟಿ ಕೇಳಿದ. ಫೋನು ಬೋರಲು ಹಾಕಿ ರೊಟ್ಟಿ ಒಯ್ದು ಬಡಿಸಿದೆ. ಹೂಂ ಎಂದೂ ಒತ್ತಲಿಲ್ಲ, ಇಲ್ಲವೆಂದೂ ಒತ್ತಲಿಲ್ಲ. ನಿನ್ನೆಗೆ ಮೂರು ದಿನ ಮುಗಿಯಿತು.