ಐದು ಊರು, ಒಂದು ದಿನ

ಹೈಸ್ಕೂಲಿನಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ವರ್ಷಕ್ಕೊಮ್ಮೆ ಮೆಡಿಟರೇನಿಯನ್ ವಾಯುಗುಣದ ಪಾಠ ಬರುತ್ತಿತ್ತು. ಬೇಸಿಗೆಯಲ್ಲಿ ಒಣ ಬಿಸಿಲು, ಚಳಿಗಾಲದಲ್ಲಿ ಮಳೆ, ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ, ಆಲಿವ್, ಲಿಂಬೆ. ಗೋಡೆಯ ನಕಾಶೆಯ ಮೇಲೆ ಕೋಲಿಟ್ಟು ಇಟಲಿಯ ಕರಾವಳಿಯನ್ನು ತೋರಿಸುತ್ತಿದ್ದೆ. ಒಂದು ವರ್ಷ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ, ಸಮುದ್ರದ ಬಾಜೂಕ ಅಷ್ಟ ಗುಡ್ಡ ಇದ್ರ ಮಂದಿ ಮನಿ ಹೆಂಗ ಕಟ್ತಾರ್ರಿ?" ಎಂದು ಕೇಳಿದಳು. ಪುಸ್ತಕದಲ್ಲಿ ಅದು ಇರಲಿಲ್ಲ. ಸಂಜೆ ಗ್ರಂಥಾಲಯದಲ್ಲಿ ಹುಡುಕಿದಾಗ ಒಂದು ಚಿತ್ರ ಸಿಕ್ಕಿತು. ಕಡಿದಾದ ಬಂಡೆಗೆ ಆತುಕೊಂಡು ನಿಂತ ಹಳದಿ, ಗುಲಾಬಿ, ಇಟ್ಟಿಗೆಗೆಂಪು ಬಣ್ಣದ ಮನೆಗಳು. ಕೆಳಗೆ ನೀಲಿ ನೀರು. ಮರುದಿನ ಅದನ್ನು ಮಕ್ಕಳಿಗೆ ತೋರಿಸಿದೆ. ಅವರು ನೋಡಿ ಮರೆತರು. ನಾನು ಮರೆಯಲಿಲ್ಲ.

ನಾನು ಮದುವೆಯಾಗಲಿಲ್ಲ. ಧಾರವಾಡದಲ್ಲಿ ಅವ್ವನ ಜೊತೆ ಇದ್ದೆ. ಅವ್ವ ಹೋದ ಮೇಲೆ, ನಿವೃತ್ತಿಯೂ ಆದ ಮೇಲೆ, ಗೋಪನಕೊಪ್ಪದಲ್ಲಿ ಒಂದು ಸಣ್ಣ ಮನೆ ಕೊಂಡು ಹುಬ್ಬಳ್ಳಿಗೆ ಬಂದೆ. ಅಕ್ಕಪಕ್ಕದವರು ಒಳ್ಳೆಯವರು. ಆದರೆ ಒಳ್ಳೆಯವರಿಗೂ ಅವರವರ ಸಂಸಾರ ಇರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಮಾತಾಡಲು ಯಾರೂ ಇಲ್ಲದ್ದರಿಂದ ನಾನು ಹಾಲಿನವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಹವಾಮಾನದ ಬಗ್ಗೆ ಕೇಳುವಷ್ಟಕ್ಕೆ ಬಂದಿದ್ದೆ. ಅಂಥ ದಿನಗಳಲ್ಲಿ ಪೇಪರಿನೊಳಗೆ ಇಟ್ಟಿದ್ದ ಒಂದು ಕರಪತ್ರ ಬಿತ್ತು. ಹುಬ್ಬಳ್ಳಿಯಿಂದಲೇ ತಂಡ ಕಟ್ಟಿಕೊಂಡು ಹೊರಡುವ ಯುರೋಪ್ ಪ್ರವಾಸ. ಅದರಲ್ಲಿ ಇಟಲಿಯ ಫ್ಲಾರೆನ್ಸ್ ಊರಿಗೆ ಬಂದಾಗ ಒಂದು ಇಡೀ ದಿನ ಬಿಡುವು. ಅವರವರ ಇಷ್ಟದಂತೆ ತಿರುಗಾಡಬಹುದು. ಫ್ಲಾರೆನ್ಸಿನಿಂದ ಬೆಳಿಗ್ಗೆ ರೈಲು ಹಿಡಿದರೆ ಹಳೆಯ ಆ ಚಿತ್ರದ ಊರೂ ಸೇರಿ ಸಮುದ್ರದಂಚಿನ ಐದು ಊರುಗಳನ್ನು ನೋಡಿ ಸಂಜೆಗೆ ಮರಳಬಹುದೆಂದು ನನಗೆ ಗೊತ್ತಿತ್ತು. ಆ ಒಂದು ದಿನಕ್ಕಾಗಿ ನಾನು ಇಡೀ ಪ್ರವಾಸಕ್ಕೆ ಹೆಸರು ಕೊಟ್ಟೆ.

ಪ್ರವಾಸದವರು ವಿದ್ಯಾನಗರದ ತಮ್ಮ ಕಚೇರಿಯಲ್ಲಿ ಎಲ್ಲರನ್ನೂ ಒಂದು ದಿನ ಕರೆದಿದ್ದರು. ಬಂದವರಲ್ಲಿ ಹೆಚ್ಚಿನವರು ಗಂಡ ಹೆಂಡತಿ. ಏಜೆಂಟ್ ನನ್ನ ಹತ್ತಿರ ಬಂದು, "ಮೇಡಂ, ನಿಮ್ಮ ಜೋಡಿ ಯಾರ ಬರಾಕತ್ತಾರ್ರಿ?" ಎಂದ.

"ಯಾರೂ ಇಲ್ಲ. ನಾ ಒಬ್ಬಾಕಿನ."

"ಹಂಗಾದ್ರ ಖೋಲಿ ಹಂಚ್ಕೊಳ್ಳಾಕ ಅವರದಾರ್ರಿ," ಎಂದು ಹಿಂದಿನ ಕುರ್ಚಿಯ ಕಡೆ ಕೈ ತೋರಿಸಿದ. ಅಲ್ಲಿ ದುಪ್ಪಟ್ಟಾವನ್ನು ತಲೆತುಂಬ ಹೊದ್ದು, ಕೈಚೀಲವನ್ನು ಎದೆಗೆ ಅವಚಿಕೊಂಡು ನನ್ನ ವಯಸ್ಸಿನ ಹೆಂಗಸೊಬ್ಬರು ಕೂತಿದ್ದರು. ಗಬ್ಬೂರಿನ ಬೈಪಾಸ್ ಪಕ್ಕದಲ್ಲಿ ಅವರ ಗಂಡನ ಲಾರಿ ಗ್ಯಾರೇಜು ಇತ್ತು. ಗಂಡ ತೀರಿಕೊಂಡ ಮೇಲೆ ಗಂಡುಮಕ್ಕಳು ನಡೆಸುತ್ತಿದ್ದರು. ಅಂದಿನಿಂದ ಇವರು ಮನೆಬಿಟ್ಟು ಹೊರಗೆ ಬರುತ್ತಿರಲಿಲ್ಲವಂತೆ. "ಮಕ್ಕಳು ಹಟ ಹಿಡದಾರ್ರಿ. ನನಗೇನ ಆ ದೇಶ ಬೇಕಾಗಿದ್ದಿಲ್ಲ," ಎಂದು ಮೊದಲ ಮಾತಿಗೇ ಹೇಳಿಬಿಟ್ಟರು. ನಾನು ಅವರನ್ನು ಭಾಬಿ ಎಂದು ಕರೆಯತೊಡಗಿದೆ. ಅವರು ನನಗೆ ಅಕ್ಕೋರ ಎಂದರು.

ಬಿಡುವಿನ ದಿನ ನಾನೆಲ್ಲಿಗೆ ಹೋಗಬೇಕೆಂದಿದ್ದೇನೆಂದು ಹೇಳಿದಾಗ ಅವರು ಯೋಚಿಸಲೂ ಇಲ್ಲ. "ನೀವು ಎಲ್ಲಿಗೆ ಅಂತೀರಿ, ನಾ ಅಲ್ಲಿಗೆ. ಬಜಾರದಾಗ ಚೀಲ ಹಿಡಕೊಂಡ ಅಡ್ಡಾಡೋದು ನನಗೂ ಆಗಂಗಿಲ್ಲ."

ಅಲ್ಲಿಂದ ನಮ್ಮ ಭಾನುವಾರಗಳು ಶುರುವಾದವು. ಒಂದು ವಾರ ನನ್ನ ಮನೆ, ಒಂದು ವಾರ ಗ್ಯಾರೇಜಿನ ಹಿಂದಿನ ಅವರ ಮನೆ. ನಾನು ನಕಾಶೆ ಹಾಸಿ ಕೂಡುತ್ತಿದ್ದೆ. ಫ್ಲಾರೆನ್ಸಿನಿಂದ ಲಾ ಸ್ಪೆಜಿಯಾ ಎಂಬ ಪಟ್ಟಣದವರೆಗೆ ದೊಡ್ಡ ರೈಲು; ಅಲ್ಲಿಂದ ಐದೂ ಊರುಗಳನ್ನು ಪೋಣಿಸಿಕೊಂಡು ಹೋಗುವ ಲೋಕಲ್ ರೈಲು. ಮೊದಲು ಎಲ್ಲಕ್ಕಿಂತ ದೂರದ ಮೊಂತೆರೊಸ್ಸೊಗೆ ಹೋಗಿಬಿಡುವುದು, ಆಮೇಲೆ ಒಂದೊಂದೇ ಊರು ನೋಡುತ್ತ ಹಿಂದಕ್ಕೆ ಬರುವುದು, ಕೊನೆಗೆ ಸ್ವಲ್ಪ ದೂರ ದೋಣಿಯಲ್ಲಿ. ಭಾಬಿ ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ.

"ಕುಂಡ್ರಾಕ ಜಾಗಾ ಐತೇನ್ರಿ?"

"ಇರ್ತದ."

"ಪಾಯಖಾನಿ?"

"ಸ್ಟೇಷನ್ನಿನ್ಯಾಗ ಅದ."

"ಅಲ್ಲೀ ಮಂದಿ ಏನ ಮಾಡ್ತಾರ್ರಿ? ಊರಂದ್ರ ಬರೇ ನೋಡಾಕ ಇರ್ತೈತೇನ?"

ಹಿಂದೆ ಮೀನು ಹಿಡಿಯುತ್ತಿದ್ದರು, ಕಲ್ಲಿನ ಒಡ್ಡು ಹಾಕಿ ದ್ರಾಕ್ಷಿ ಬೆಳೆಯುತ್ತಿದ್ದರು, ಈಗ ಹೆಚ್ಚಾಗಿ ನಮ್ಮಂಥವರು ಹೋಗುವುದೇ ಅವರ ಉದ್ಯೋಗ ಎಂದೆ. ಭಾಬಿ, "ಪಾಪ," ಎಂದರು.

ಮಧ್ಯದ ಊರು ಕೊರ್ನೀಲಿಯಾ ಗುಡ್ಡದ ನೆತ್ತಿಯ ಮೇಲಿದೆ. ಸ್ಟೇಷನ್ನಿನಿಂದ ಉದ್ದನೆಯ ಮೆಟ್ಟಿಲು ಹತ್ತಬೇಕು. ಅದಕ್ಕಾಗಿ ನಾವಿಬ್ಬರೂ ಬೆಳಿಗ್ಗೆ ನೃಪತುಂಗ ಬೆಟ್ಟ ಹತ್ತುವ ಅಭ್ಯಾಸ ಮಾಡಿದೆವು. ಭಾಬಿಗೆ ಮೊಣಕಾಲು ನೋವು. ಅರ್ಧ ದಾರಿಯಲ್ಲಿ ನಿಂತು, ಕೆಳಗಿನ ಊರನ್ನು ನೋಡುತ್ತ, ಗಂಡನ ಸುದ್ದಿ ತೆಗೆಯುತ್ತಿದ್ದರು. ಇಂಜಿನ್ನಿನ ಸಪ್ಪಳ ಕೇಳಿ ಅದಕ್ಕೆ ಏನಾಗಿದೆಯೆಂದು ಹೇಳುತ್ತಿದ್ದ ಮನುಷ್ಯನಿಗೆ ತನ್ನ ಎದೆಯ ಸಪ್ಪಳ ಕೇಳಿಸಲಿಲ್ಲ ಎಂದು ಒಮ್ಮೆ ಹೇಳಿದರು. ನಾನು ಅವ್ವನ ಸುದ್ದಿ ಹೇಳಿದೆ. ಅಷ್ಟು ಮಾತು ನಾನು ಎಷ್ಟೋ ವರ್ಷಗಳಿಂದ ಯಾರ ಜೊತೆಗೂ ಆಡಿರಲಿಲ್ಲ. ಮನೆಗೆ ಬಂದ ಮೇಲೆ ಗಂಟಲು ನೋಯುತ್ತಿತ್ತು.

ವೀಸಾಕ್ಕೆ ಬೆರಳಚ್ಚು ಕೊಡಲು ಎಲ್ಲರೂ ಬೆಂಗಳೂರಿಗೆ ಹೋಗಿಬಂದೆವು. ಕೆಲವು ದಿನಗಳ ನಂತರ, ನಾನು ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟಿದ್ದಾಗ, ಏಜೆಂಟನ ಫೋನು ಬಂತು.

"ಮೇಡಂ, ಎಲ್ಲಾರದೂ ಬಂದೈತ್ರಿ. ನಿಮ್ಮದೊಂದು ಆಗಿಲ್ಲ."

"ಯಾಕ?"

ಅವನು ತಡವರಿಸಿದ. "ನೀವು ಹೊಳ್ಳಿ ಬರ್ತೀರಿ ಅನ್ನೋದು ಅವರಿಗೆ ಖಾತ್ರಿ ಆಗಿಲ್ಲಂತ್ರಿ. ಒಬ್ಬರ ಇರೋರಿಗೆ ಒಮ್ಮೊಮ್ಮೆ ಹಿಂಗಾಗ್ತೈತಿ. ಗಂಡ, ಮಕ್ಕಳು ಅಂತ ಊರಾಗ ಯಾರರ ಇದ್ರ..."

"ಪೆನ್ಶನ್ ಅದ. ಮನಿ ಅದ," ಎಂದೆ.

"ಅದನ್ನೆಲ್ಲಾ ಹಚ್ಚಿದ್ವಿ ರೀ."

ನಾನು ಗ್ಯಾಸು ಆರಿಸಿ ಅಲ್ಲೇ ನಿಂತೆ. ಪ್ರವಾಸ ತಪ್ಪಿದ್ದಕ್ಕೆ ದುಃಖ ಆಮೇಲೆ ಬಂತು. ಮೊದಲು ಬಂದದ್ದು ಬೇರೆ ಏನೋ. ನನ್ನನ್ನು ಕಂಡೇ ಇರದ ಒಬ್ಬ ಅಧಿಕಾರಿ, ಎಲ್ಲೋ ಕೂತು ನನ್ನ ಕಾಗದಗಳನ್ನು ತಿರುವಿ ಹಾಕಿ, ಈಕೆಗೆ ಮರಳಿ ಬರಲು ಕಾರಣವಿಲ್ಲ ಎಂದು ತೀರ್ಮಾನ ಮಾಡಿದ್ದ. ಅವನು ಹೇಳಿದ್ದು ಸುಳ್ಳು ಎಂದು ಗಟ್ಟಿಯಾಗಿ ಅನ್ನಲು ನನಗೆ, ನನಗಾಗಿ ಕಾಯುವ ಒಬ್ಬರ ಹೆಸರು ಬೇಕಿತ್ತು. ಎಷ್ಟು ಹುಡುಕಿದರೂ ಅಡುಗೆಮನೆಯಲ್ಲಿ ನಿಂತ ನನಗೆ ಆ ಹೊತ್ತಿನಲ್ಲಿ ಯಾವ ಹೆಸರೂ ಹೊಳೆಯಲಿಲ್ಲ.

ಸುದ್ದಿ ಕೇಳಿ ಭಾಬಿ ಮಗನ ಸ್ಕೂಟರಿನಲ್ಲಿ ಧಾವಿಸಿ ಬಂದರು. "ನೀವಿಲ್ದ ನಾ ಹೋಗಂಗಿಲ್ಲ ಬಿಡ್ರಿ. ರದ್ದ ಮಾಡ್ರಿ ಅಂತ ಹೇಳಿ ಬಂದೇನಿ."

"ಹಂಗ ಮಾಡಬ್ಯಾಡ್ರಿ. ಇಬ್ಬರೂ ಕೂತು ಇಷ್ಟು ದಿನಾ ಮಾಡಿದ್ದು ಯಾರಿಗಾಗಿ?"

"ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ ಅಕ್ಕೋರ. ನಾ ಎಲ್ಲೆರ ಕಳಕೊಂಡ್ರ?"

ತಂಡದಲ್ಲಿದ್ದ ಧಾರವಾಡದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಮತ್ತು ಅವರ ಪತ್ನಿಯ ಜೊತೆ ಮಾತಾಡಿದೆ. ಅವರಿಗೂ ಆ ಊರುಗಳನ್ನು ನೋಡುವ ಆಸೆ ಹುಟ್ಟಿತು. ಭಾಬಿಯನ್ನು ಕರೆದೊಯ್ಯಲು ಒಪ್ಪಿದರು. ಆದರೂ ಭಾಬಿಗೆ ಧೈರ್ಯ ಸಾಲಲಿಲ್ಲ. ಅದಕ್ಕೆ ನಾನು ಇಡೀ ದಿನವನ್ನು ಅವರ ಮೊಬೈಲಿಗೆ ಧ್ವನಿಯಲ್ಲಿ ಹೇಳಿ ಕಳಿಸಿದೆ. ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, "ಈಗ ನೀವು ಸ್ಟೇಷನ್ನಿನಿಂದ ಹೊರಗ ಬಂದ್ರಿ. ಎಡಕ್ಕ ಸಮುದ್ರ ಕಾಣ್ತದ. ಗಾಳಿ ಜೋರ ಇರ್ತದ, ದುಪ್ಪಟ್ಟಾ ಹಿಡಕೋರಿ," ಎಂದು ಒಂದೊಂದೇ ಊರನ್ನು ವಿವರಿಸಿದೆ. ಕೆಲವು ಕಡೆ ನನ್ನದೇ ದನಿ ಹಗುರಾಗಿ, ನಾನು ನಿಜವಾಗಿ ನಡೆದು ದಣಿದವಳಂತೆ ಕೇಳಿಸುತ್ತಿತ್ತು. ಆ ಊರುಗಳಿಗೆ ನಾನು ಹೋದದ್ದು ಅಷ್ಟೇ.

ಅವರು ಆ ಊರುಗಳಿಗೆ ಹೋಗಬೇಕಾದ ದಿನ ನಾನು ಎಲ್ಲಿಗೂ ಹೊರಡಲಿಲ್ಲ. ನಮ್ಮಲ್ಲಿ ಮಧ್ಯಾಹ್ನವಾಗಿದ್ದಾಗ, ಅಲ್ಲಿ ಇನ್ನೂ ಬೆಳಗಿರುವಾಗ, ಭಾಬಿಯ ಫೋನು ಬಂತು. ಲಾ ಸ್ಪೆಜಿಯಾ ಮುಟ್ಟಿದ್ದರು.

"ಅಕ್ಕೋರ, ಇಲ್ಲಿ ಮಂದಿ ಅಂದ್ರ ಮಂದಿ! ನಮ್ಮ ದುರ್ಗದಬೈಲ ಬಜಾರದಾಗೂ ಇಷ್ಟ ಇರಂಗಿಲ್ಲ."

"ಗಾಬರಿ ಆಗಬ್ಯಾಡ್ರಿ. ಜೋಡಿ ಇದ್ದವರ ಕೈ ಹಿಡಕೊಂಡ ಹತ್ರಿ. ಮೊದಲು ಮೊಂತೆರೊಸ್ಸೊ, ನೆನಪದ ಅಲ್ಲಾ?"

"ಹೂಂ, ಹೂಂ," ಎನ್ನುತ್ತಿದ್ದಂತೆ ರೈಲಿನ ಸಪ್ಪಳ ಬಂದು ಮಾತು ಕಡಿಯಿತು.

ಆಮೇಲೆ ಫೋನಿಲ್ಲ. ನಾನು ಗಡಿಯಾರ ನೋಡುತ್ತ ಅವರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕರೆದೊಯ್ಯುತ್ತಿದ್ದೆ. ಈಗ ಮೊಂತೆರೊಸ್ಸೊದ ಮರಳಿನ ಮೇಲಿರಬೇಕು. ಈಗ ವೆರ್ನಾತ್ಸಾದ ಸಣ್ಣ ಬಂದರಿನಲ್ಲಿ. ಈಗ ಮೆಟ್ಟಿಲು ಹತ್ತುತ್ತಿರಬೇಕು, ನಿಧಾನ, ನಿಧಾನ. ಹೊರಗೆ ಮಳೆ ಬಂದು ಹೋಯಿತು. ಒಣಹಾಕಿದ ಸೀರೆ ತೊಯ್ದದ್ದು ಸಂಜೆಯ ಮೇಲೆ ಗಮನಕ್ಕೆ ಬಂತು. ಫೋನು ಮಾಡಿದರೆ ಅವರ ಸಂತೋಷಕ್ಕೆ ಅಡ್ಡಿಯೆಂದು ಸುಮ್ಮನಿದ್ದೆ. ಕತ್ತಲಾಗುವ ಹೊತ್ತಿಗೆ ಅವರಿಂದ ಒಂದು ಫೋಟೋ ಬಂತು. ಅದರಲ್ಲಿ ಸಮುದ್ರವೇ ಇರಲಿಲ್ಲ. ಒಂದು ಗೋಡೆ, ಹಸಿರು ಕಿಟಕಿ, ಹಗ್ಗದ ಮೇಲೆ ಯಾರದೋ ಬಟ್ಟೆ.

ಅವರು ಮರಳಿದ ಮೇಲೆ ಗಬ್ಬೂರಿಗೆ ಹೋದೆ. ಮನೆ ತುಂಬ ಜನ. ಮೊಮ್ಮಕ್ಕಳು, ಸೊಸೆಯಂದಿರು, ಬೆಂಗೇರಿಯಿಂದ ಬಂದ ಅವರ ತಂಗಿ. ಭಾಬಿ ನಡುವೆ ಕೂತು ಕೈ ಬೀಸಿ ಬೀಸಿ ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು ಬಂದು ಅಪ್ಪಿಕೊಂಡರು. ಗದ್ದಲ ಸ್ವಲ್ಪ ಕಡಿಮೆಯಾದಾಗ ನಾನು, "ಕೊರ್ನೀಲಿಯಾ ಮೆಟ್ಟಲಾ ಹತ್ತಿದ್ರೇನ?" ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. "ಸಿಟ್ಟಾಗಬ್ಯಾಡ್ರಿ ಅಕ್ಕೋರ. ನಾ ಒಂದ ಊರ ನೋಡೇನಿ."

ರೈಲಿನಲ್ಲಿ ಉಸಿರು ಕಟ್ಟಿದಂತಾಗಿ, ಐದರಲ್ಲಿ ದಾರಿಗೆ ಎರಡನೆಯದಾಗಿ ಸಿಗುವ ಮನರೋಲಾದಲ್ಲೇ ಇಳಿದುಬಿಟ್ಟಿದ್ದರಂತೆ. ಸಮುದ್ರಕ್ಕೆ ಅಬ್ಬರವಿತ್ತು, ಆ ದಿನ ದೋಣಿಗಳೂ ಇರಲಿಲ್ಲ. ಮೊಣಕಾಲು ಹಿಡಿದಿತ್ತು. ಬ್ಯಾಂಕಿನವರು ಮುಂದಿನ ಊರುಗಳಿಗೆ ಹೋಗಿ ಬರಲಿ ಎಂದು ಕಳಿಸಿ, ತಾವು ಒಂದು ಓಣಿಯ ಕಟ್ಟೆಯ ಮೇಲೆ ಕೂತರು. ಎದುರಿನ ಮನೆಯಿಂದ ಬಟ್ಟೆ ಹರವಲು ಬಂದ ಮುದುಕಿಯೊಬ್ಬಳು ಇವರನ್ನು ನೋಡಿ ನೀರು ತಂದುಕೊಟ್ಟಳು. ಆಮೇಲೆ ತಾನೂ ಬಂದು ಪಕ್ಕದಲ್ಲಿ ಕೂತಳು.

"ಆಕಿ ಮಾತ ನನಗ ತಿಳಿಲಿಲ್ಲ, ನನ್ನ ಮಾತ ಆಕಿಗೆ ತಿಳಿಲಿಲ್ಲ. ಕೊಳ್ಳಾಗಿನ ಸರದಾಗ ಗಂಡನ ಉಂಗುರ ಹಾಕ್ಕೊಂಡಿದ್ಲು. ತೋರಿಸಿದ್ಲು. ನಾ ಪೇಢೆ ಕೊಟ್ಟೆ. ಇಬ್ಬರೂ ಸಂಜಿ ಮಟಾ ಕುಂತಿದ್ವಿ. ಹೆಂಗ ಹೊತ್ತ ಹೋತೋ ಗೊತ್ತಿಲ್ರಿ."

"ಛಲೋ ಆತು," ಎಂದೆ. ನನಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಸುಲಭವಿತ್ತು. ಐದು ಊರುಗಳ ಒಂದೊಂದು ತಿರುವನ್ನೂ ನಾನು ನಿಗದಿ ಮಾಡಿದ್ದೆ. ಆ ಕಟ್ಟೆಯ ಮೇಲೆ ಮಾತಿಲ್ಲದೆ ಇಬ್ಬರು ಕೂತ ಹೊತ್ತಿಗೆ ನನ್ನ ಯೋಜನೆಯಲ್ಲಿ ಜಾಗವಿರಲಿಲ್ಲ. ನಾನು ಜೊತೆಗಿದ್ದಿದ್ದರೆ ಭಾಬಿಯನ್ನು ಎಬ್ಬಿಸಿ, ರೈಲಿಗೆ ಹೊತ್ತಾಯಿತೆಂದು ಮುಂದಿನ ಊರಿಗೆ ಕರೆದೊಯ್ಯುತ್ತಿದ್ದೆ. ಸೊಸೆ ಚಹಾ ತಂದಳು. ಯಾರೋ ಮತ್ತೊಂದು ಪ್ರಶ್ನೆ ಕೇಳಿದರು. ಭಾಬಿ ಅತ್ತ ತಿರುಗಿ ಮತ್ತೆ ಹೇಳತೊಡಗಿದರು. ನಾನು ಚಹಾ ಮುಗಿಸಿ, ಕೆಲಸವಿದೆಯೆಂದು ಹೇಳಿ ಎದ್ದೆ. ಕೆಲಸವೇನೂ ಇರಲಿಲ್ಲ.

ಭಾನುವಾರ ಸೇರಲು ಆಮೇಲೆ ಕಾರಣ ಉಳಿಯಲಿಲ್ಲ. ನಾವಿಬ್ಬರೂ ಹಾಗೆಂದು ಹೇಳಿಕೊಳ್ಳಲಿಲ್ಲ. ಒಂದು ವಾರ ಅವರ ಮೊಮ್ಮಗನಿಗೆ ಜ್ವರ, ಇನ್ನೊಂದು ವಾರ ಮನೆಗೆ ನೆಂಟರು, ಮತ್ತೊಂದು ವಾರ ನಾನೇ ಫೋನು ಮಾಡಲಿಲ್ಲ. ಪ್ರವಾಸ ಅವರನ್ನು ಮನೆಯ ಬಾಗಿಲು ದಾಟಿಸಿತ್ತು. ಈಗ ಮದುವೆ, ಸಂತೆ, ದವಾಖಾನೆ ಎಂದು ಓಡಾಡುತ್ತಿದ್ದರು. ಚಳಿ ಶುರುವಾದಾಗ, ಸೊಲ್ಲಾಪುರದಲ್ಲಿರುವ ಬಸುರಿ ಮಗಳ ಹತ್ತಿರ ಇರಲು ಹೊರಟಿದ್ದೇನೆ, ಇನ್ನು ಹೆಚ್ಚಾಗಿ ಅಲ್ಲೇ, ಎಂದು ಫೋನಿನಲ್ಲಿ ಹೇಳಿದರು.

ಕಳಿಸಲು ಸ್ಟೇಷನ್ನಿಗೆ ಹೋದೆ. ಮಗ ಸಾಮಾನು ಏರಿಸುತ್ತಿದ್ದ. ಭಾಬಿ ಕಿಟಕಿಯಿಂದ ಕೈ ಹೊರಗೆ ಚಾಚಿ ನನ್ನ ಕೈ ಹಿಡಿದರು.

"ಸೊಲ್ಲಾಪುರಕ್ಕ ಬರ್ರಿ ಅಕ್ಕೋರ. ಖರೇನ ಬರ್ರಿ. ಮಗಳ ಮನಿ ಐತಿ, ಸಂಕೋಚ ಬ್ಯಾಡ."

"ಬರ್ತೀನಿ," ಎಂದೆ.

"ಬಂದ ಮ್ಯಾಲ ಲಗೂ ಹೊಂಡಾಕ ಬಿಡಂಗಿಲ್ಲ ಮತ್ತ."

ರೈಲು ಚಲಿಸಿತು. ಅವರ ಮಗ ನನ್ನನ್ನು ಮನೆಗೆ ಬಿಡುತ್ತೇನೆಂದ. ನಾನು ಬೇಡವೆಂದೆ; ಗ್ಯಾರೇಜಿನಲ್ಲಿ ಗಿರಾಕಿಗಳು ಕಾಯುತ್ತಿದ್ದರು, ಅವನು ಬೇಗ ಬೇಗ ನಡೆದು ಹೋದ. ನಮ್ಮ ಸ್ಟೇಷನ್ನಿನ ಆ ಪ್ಲಾಟ್‌ಫಾರ್ಮ್ ಬಹಳ ಉದ್ದ. ಅವರ ಡಬ್ಬಿ ರೈಲಿನ ಹಿಂದುಗಡೆ ಇದ್ದದ್ದರಿಂದ ನಾನು ಬಹಳ ದೂರ ಬಂದುಬಿಟ್ಟಿದ್ದೆ. ಒಂದು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಜಾಗವಿತ್ತು. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಗಾಡಿಗೆ ಬಂದ ಒಂದು ಕುಟುಂಬ ಅಲ್ಲಿ ತಮ್ಮ ಚೀಲಗಳನ್ನಿಟ್ಟು, "ಇಲ್ಲಿ ಯಾರರ ಅದಾರೇನ್ರಿ?" ಎಂದು ಕೇಳಿತು. ಯಾರೂ ಇಲ್ಲ, ಕೂಡ್ರಿ ಎಂದು ಹೇಳಿ, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟೆ.