ಹತ್ತಿಯ ಮೇಲೆ ನಡೆದ ಹಾಗೆ

ನಮ್ಮ ಕಾರ್ಖಾನೆಯಲ್ಲಿ ಅತ್ತಿಗೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ‘ಮೂವತ್ತೇಳು’. ಅದು ಅವರ ವಯಸ್ಸಲ್ಲ, ಆ ವಯಸ್ಸು ದಾಟಿ ಬಹಳ ಕಾಲವಾಗಿದೆ. ಅದು ಅವರ ಪಾದದ ಅಳತೆ. “ಮೂವತ್ತೇಳು ಬಂದ್ರಾ?”, “ಮೂವತ್ತೇಳಕ್ಕೆ ಟೀ ಕೊಟ್ರಾ?” ಎಂದು ನಾವು ಕೇಳಿಕೊಳ್ಳುವಾಗ ಹೊಸದಾಗಿ ಕೆಲಸಕ್ಕೆ ಸೇರಿದವರು ಕಣ್ಣು ಕಣ್ಣು ಬಿಡುತ್ತಿದ್ದರು.

ನಮ್ಮದು ಹೆಂಗಸರ ಡಿಸೈನರ್ ಶೂ ತಯಾರಿಸುವ ಕಾರ್ಖಾನೆ. ಯಾವ ಹೊಸ ವಿನ್ಯಾಸವೇ ಆಗಲಿ, ಮೊದಲ ಜೋಡಿ ಮೂವತ್ತೇಳರ ಅಳತೆಯಲ್ಲಿ ತಯಾರಾಗುತ್ತದೆ. ಅತ್ತಿಗೆ ಅದನ್ನು ಹಾಕಿಕೊಂಡು ಹೊಲಿಗೆ ಕೋಣೆಯಿಂದ ಪ್ಯಾಕಿಂಗ್ ಕೋಣೆಯವರೆಗೆ ನಡೆದು ಬರಬೇಕು, ಮೆಟ್ಟಿಲು ಹತ್ತಿ ಇಳಿಯಬೇಕು, ಆಮೇಲೆ ಎಲ್ಲಿ ಬಿಗಿ, ಎಲ್ಲಿ ಸಡಿಲ, ಎಲ್ಲಿ ನೋವು ಎಂದು ಹೇಳಬೇಕು. ಅಚ್ಚಿನ ಮೇಸ್ತ್ರಿ ಎಂದರೆ ಶೂ ಕಟ್ಟುವ ಮರದ ಪಾದಗಳನ್ನು ಕೆತ್ತುವವರು. ಅತ್ತಿಗೆ ತೋರಿಸಿದ ಜಾಗಕ್ಕೆ ಅವರು ಬೆಳ್ಳಿ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು, ಅಲ್ಲಿಗೆ ತಕ್ಕಂತೆ ಅಚ್ಚನ್ನು ತಿದ್ದುತ್ತಾರೆ. ಹೊರಗೆ ಸಾವಿರಾರು ಹೆಂಗಸರ ಕಾಲು ನೋಯಬಾರದೆಂದರೆ ಒಳಗೆ ನಮ್ಮ ಅತ್ತಿಗೆಯ ಕಾಲು ಮೊದಲು ನೋಯಬೇಕು. ಅವರಿಗೆ ಸಂಬಳ ಬರುತ್ತಿದ್ದದ್ದೇ ನೋವನ್ನು ಸರಿಯಾಗಿ ಹೇಳುವುದಕ್ಕೆ.

ನಾನು ಅವರ ನಾದಿನಿ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಅಣ್ಣನ ಮನೆಯಲ್ಲೇ ಉಳಿದವಳು. ಅಣ್ಣ ದೂರದ ಊರುಗಳಿಗೆ ಲಾರಿ ಓಡಿಸುವುದರಿಂದ ಮನೆಯಲ್ಲಿ ಹೆಚ್ಚು ದಿನ ನಾವಿಬ್ಬರೇ. ಕಾರ್ಖಾನೆಯಲ್ಲಿ ನನ್ನ ಕೆಲಸ ಶೂ ಒಳಗೆ ಪಾದದಡಿ ತೆಳು ಮೆತ್ತೆ ಅಂಟಿಸುವುದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇರಲಿ, ಬೇರೆಯವರ ಹಾಗೆ ಹೊಟ್ಟೆಯಲ್ಲಿಟ್ಟುಕೊಂಡು ಕೊಳೆಸುವುದಕ್ಕಿಂತ ಅದು ವಾಸಿ.

ಫ್ಯಾಷನ್ನಿಗೆ ಮಾನ ಮರ್ಯಾದೆ ಇಲ್ಲ ಎಂಬುದು ನನ್ನ ಹಳೆಯ ದೂರು. ಕೆಲವು ವರ್ಷ ಹೆಂಗಸರು ಕಾಲಿಗೆ ಇಟ್ಟಿಗೆ ಕಟ್ಟಿಕೊಂಡವರ ಹಾಗೆ ದಪ್ಪ ಅಡಿಯ ಶೂ ಹಾಕಿ ಓಡಾಡಿದರು. ಆಮೇಲೆ ಚೌಕ ಮೂತಿಯದು ಬಂತು. ಈಗ ನೋಡಿದರೆ ಎಲ್ಲ ತೆಳುವೋ ತೆಳು. ರಟ್ಟಿನಂಥ ಅಡಿ, ಮೊನಚು ತುದಿ, ಹಿಂದೆ ಗಿಡ್ಡ ಹಿಮ್ಮಡಿ, ಮೇಲೆ ಸೊಳ್ಳೆ ಪರದೆಯಂಥ ಬಲೆ ಬಟ್ಟೆ. ಅದೂ ಸಾಲದೆಂದು ಮುಂದಿನದು ಪೂರ್ತಿ ಪಾರದರ್ಶಕ ಪ್ಲಾಸ್ಟಿಕ್ಕಿನದು ಎಂದು ಡಿಸೈನರ್ ಮೇಡಂ ಹೇಳಿದರು.

“ಈ ಸಲ ಪಾದಾನೇ ಒಡವೆ. ಮುಚ್ಚಿಡೋ ಕಾಲ ಹೋಯ್ತು,” ಎಂದರು.

“ಹಾಗಾದ್ರೆ ಬರಿಗಾಲಲ್ಲೇ ಓಡಾಡ್ಲಿ ಬಿಡಿ ಮೇಡಂ, ನಮಗೂ ರಜಾ ಸಿಗುತ್ತೆ,” ಎಂದೆ ನಾನು.

ಎಲ್ಲರೂ ನಕ್ಕರು. ಅತ್ತಿಗೆ ಮಾತ್ರ ನಗದೆ ತಮ್ಮ ಎರಡೂ ಪಾದಗಳನ್ನು ಮೆಲ್ಲನೆ ಕುರ್ಚಿಯ ಕೆಳಗೆ ಎಳೆದುಕೊಂಡರು. ಆಗ ನಾನದಕ್ಕೆ ಅರ್ಥ ಹುಡುಕಲಿಲ್ಲ.

ಆ ವಾರವೇ ಬಲೆ ಬಟ್ಟೆಯ ಶೂ ನಡೆದು ನೋಡುವುದಿತ್ತು. ಅತ್ತಿಗೆ ಹೋಗಿ ಬಂದು ಮೇಡಂ ಎದುರು ನಿಂತರು. ಮೇಡಂ ಕೇಳಿದರು, “ಹೇಗಿದೆ?” ಅತ್ತಿಗೆ ಒಂದು ಗಳಿಗೆ ತಡೆದು, “ಹತ್ತಿ ಮೇಲೆ ನಡೆದ ಹಾಗಿದೆ,” ಎಂದರು.

ಮೇಡಂ ಮುಖ ಅರಳಿತು. “ಇದನ್ನೇ ಡಬ್ಬಿ ಮೇಲೆ ಅಚ್ಚು ಹಾಕ್ಸೋಣ,” ಎಂದು ಅಲ್ಲೇ ಯಾರಿಗೋ ಫೋನ್ ಮಾಡಿದರು. ಹಾಗೇ ಮಾಡಿದರು ಕೂಡ.

ಆ ಜೋಡಿಗೆ ಹಾಕಬೇಕಾಗಿದ್ದ ಮೆತ್ತೆ ಇನ್ನೂ ನನ್ನ ಮೇಜಿನ ಮೇಲೇ ಇತ್ತು. ಅಂಟು ಮುಗಿದು ಹೋಗಿದ್ದರಿಂದ ನಾನು ಮೆತ್ತೆಯಿಲ್ಲದೆ ಶೂ ಕಳಿಸಿಬಿಟ್ಟಿದ್ದೆ. ಒತ್ತುತ್ತದೆ ಎಂದು ಅತ್ತಿಗೆಯೇ ಹೇಳುತ್ತಾರೆ, ಆಮೇಲೆ ಹಾಕಿದರಾಯಿತು ಎಂದುಕೊಂಡಿದ್ದೆ. ಅವರು ನಡೆದದ್ದು ಗಟ್ಟಿ ರಟ್ಟಿನ ಮೇಲೆ, ಹೊಲಿಗೆಯ ಗಂಟುಗಳ ಮೇಲೆ. ಬೇರೆ ಯಾರೇ ಆಗಿದ್ದರೂ ನಾಲ್ಕು ಹೆಜ್ಜೆಗೇ ಮುಖ ಕಿವುಚುತ್ತಿದ್ದರು.

ಹತ್ತಿಯ ಮಾತನ್ನು ನಾನು ಅದಕ್ಕೆ ಮೊದಲೂ ಒಮ್ಮೆ ಕೇಳಿದ್ದೆ. ಅತ್ತಿಗೆಯ ತಾಯಿ ಕೊನೆಗಾಲದಲ್ಲಿ ನಮ್ಮ ಮನೆಯಲ್ಲೇ ಇದ್ದರು. ಸಕ್ಕರೆ ಕಾಯಿಲೆ. “ಏನೋ ಹತ್ತಿ ಮೇಲೆ ಕಾಲಿಟ್ಟ ಹಾಗಾಗುತ್ತಮ್ಮ,” ಎಂದು ಅವರು ಹೇಳಿದಾಗ ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಒಂದು ಬೆರಳು ಹೋಯಿತು. ಆಮೇಲೆ ಪಾದ ಹೋಯಿತು. ಆಮೇಲೆ ಮೊಣಕಾಲಿನ ತನಕ ಹೋಯಿತು. ಆಸ್ಪತ್ರೆಯಲ್ಲಿ ಅವರ ಹಾಸಿಗೆಯ ಹೊದಿಕೆ ಒಂದು ಕಡೆ ಚಪ್ಪಟೆಯಾಗಿ ಬಿದ್ದಿದ್ದನ್ನು ಅತ್ತಿಗೆ ಬಾಗಿಲಲ್ಲೇ ನಿಂತು ನೋಡಿದ್ದರು. ಒಳಗೆ ಬರುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು.

ಬಲೆ ಶೂ ನಡೆದು ನೋಡಿದ ದಿನದಿಂದ ನನಗೆ ಭಯ ಹಿಡಿಯಿತು. ನನ್ನ ಕಣ್ಣು ಸದಾ ಅವರ ಕಾಲಿನ ಮೇಲೇ. ಸ್ನಾನದ ನೀರಿಗೆ ಮೊದಲು ಕಾಲು ಅದ್ದಿ ನೋಡುತ್ತಿದ್ದವರು ಈಗ ಕೈ ಅದ್ದುತ್ತಿದ್ದರು. ಕಾರ್ಖಾನೆಯಲ್ಲಿ ಶೂ ಬಿಚ್ಚಿದ ಮೇಲೆ ಪಾದದಲ್ಲಿ ಎಲ್ಲಿ ಕೆಂಪಗಾಗಿದೆ ಎಂದು ಕದ್ದು ನೋಡಿಕೊಂಡು, ಆಮೇಲೆ “ಕಿರುಬೆರಳ ಪಕ್ಕ ಬಿಗಿ” ಎನ್ನುತ್ತಿದ್ದರು. ನೋವನ್ನು ಅವರು ಹೇಳುತ್ತಿರಲಿಲ್ಲ, ಊಹಿಸುತ್ತಿದ್ದರು. ಊಹೆ ಎಷ್ಟು ಸರಿಯಾಗಿರುತ್ತಿತ್ತೆಂದರೆ ಮೇಸ್ತ್ರಿಗೂ ಅನುಮಾನ ಬರಲಿಲ್ಲ.

ಒಂದು ಸಂಜೆ ಕೆಲಸ ಮುಗಿಸಿ ತರಕಾರಿ ಅಂಗಡಿಗಳ ಸಾಲಿನಲ್ಲಿ ನಡೆದು ಬರುತ್ತಿದ್ದೆವು. ಅತ್ತಿಗೆ ಮುಂದೆ, ಚೀಲ ಹಿಡಿದು ನಾನು ಹಿಂದೆ. ದಾರಿಯಲ್ಲಿ ಒಂದು ಚಪ್ಪಲಿ ಬಿದ್ದಿತ್ತು. ಯಾರದೋ ಪಾಪ ಎಂದು ದಾಟಿ ಹೋಗುವವಳು ತಿರುಗಿ ನೋಡಿದೆ. ಅದು ಅತ್ತಿಗೆಯದೇ. ಅವರು ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ಜಲ್ಲಿ ಕಲ್ಲಿನ ಮೇಲೆ ಹಾಯಾಗಿ ನಡೆದು ಹೋಗುತ್ತಿದ್ದರು. ಯಾರ ಅಂಗಡಿಯ ಬದನೆಕಾಯಿ ಹುಳುಕು, ಯಾರ ತಕ್ಕಡಿ ಮೋಸ ಎಂದು ಮುಂದೆ ನೋಡಿಕೊಂಡೇ ನನಗೆ ಹೇಳುತ್ತಿದ್ದರು.

ಓಡಿ ಹೋಗಿ ಚಪ್ಪಲಿಯನ್ನು ಅವರ ಮುಂದೆ ಹಿಡಿದೆ. ಅವರು ಮೊದಲು ಚಪ್ಪಲಿ ನೋಡಿದರು, ಆಮೇಲೆ ತಮ್ಮ ಕಾಲು ನೋಡಿಕೊಂಡರು. ಆ ಮುಖವನ್ನು ನಾನು ಮರೆಯುವುದಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದವಳೇ ಕೇಳಿದೆ. “ಯಾವಾಗಿಂದ ಅತ್ತಿಗೆ?”

“ಏನು ಯಾವಾಗಿಂದ? ಚಪ್ಪಲಿ ಸಡಿಲ ಆಗಿದೆ, ಅಷ್ಟೇ.”

“ನಾನು ಮೆತ್ತೆ ಹಾಕಿರ್ಲಿಲ್ಲ. ಆ ಬಲೆ ಶೂಗೆ. ನೀವು ಹತ್ತಿ ಅಂದ್ರಿ.”

ಅವರು ನೆಲದ ಮೇಲೆ ಕೂತು, ಪಾದಗಳನ್ನು ಸೆರಗಿನಿಂದ ಮುಚ್ಚಿಕೊಂಡರು. “ಬೆರಳುಗಳು ಇವೆ ಅಂತ ನೋಡಿದ್ರೆ ಗೊತ್ತಾಗುತ್ತೆ ಕಣೆ. ಕಣ್ಣು ಮುಚ್ಚಿದ್ರೆ ಇಲ್ಲ,” ಎಂದರು.

“ನಾಳೇನೇ ಡಾಕ್ಟರ ಹತ್ರ ಹೋಗೋಣ.”

“ಹೋದ್ರೆ ಏನ್ ಹೇಳ್ತಾರೆ ಅಂತ ನಂಗೊತ್ತು. ಅಮ್ಮನ್ನ ಕರ್ಕೊಂಡು ಹೋದವಳು ನಾನೇ. ಹೋಗೋ ತನಕ ಅವರಿಗೆ ಎರಡು ಕಾಲಿತ್ತು.”

“ಹುಚ್ಚುಚ್ಚಾಗಿ ಮಾತಾಡ್ಬೇಡಿ. ತಡ ಮಾಡಿದ್ದಕ್ಕೆ ಹಾಗಾಯ್ತು, ಡಾಕ್ಟರಿಂದ ಅಲ್ಲ.”

“ಪ್ಲಾಸ್ಟಿಕ್ ಶೂ ತೋರ್ಸೋದು ಒಂದು ಮುಗೀಲಿ. ಆಮೇಲೆ ನೀನು ಹೇಳಿದ ಕಡೆ ಬರ್ತೀನಿ. ಅಲ್ಲಿ ತನಕ ಯಾರಿಗೂ ಹೇಳಲ್ಲ ಅಂತ ನನ್ನ ಮೇಲೆ ಆಣೆ ಮಾಡು. ನನ್ನ ಕಾಲು ಸತ್ತಿದೆ ಅಂದ್ರೆ ನಾಳೆಯಿಂದ ನಾನು ಅಲ್ಲಿ ಯಾರು?”

ನಾನು ರೇಗಿದೆ, ಕಣ್ಣೀರು ಹಾಕಿದೆ, ಅಣ್ಣನಿಗೆ ಹೇಳುತ್ತೇನೆಂದು ಹೆದರಿಸಿದೆ. ನನಗಿಂತ ದೊಡ್ಡ ಹೆದರಿಕೆ ಅವರೊಳಗೆ ಕೂತಿತ್ತು, ನನ್ನದು ಅದರ ಮುಂದೆ ನಿಲ್ಲಲಿಲ್ಲ. ಕೊನೆಗೆ ಒಂದು ಮಾತಿಗೆ ಒಪ್ಪಿಸಿದೆ. ದಿನಾ ಸಂಜೆ ಅವರ ಅಂಗಾಲು ನಾನು ನೋಡಬೇಕು. ಹಾಗೆ ನೋಡುವಾಗ ಪ್ರತಿ ಸಲವೂ, ಇವತ್ತು ಏನು ಕಾಣುತ್ತದೋ ಎಂದು ಹೆದರುತ್ತಿದ್ದೆ. ಒಂದು ದಿನ ಹಿಮ್ಮಡಿಯ ಪಕ್ಕ ಜಲ್ಲಿಯ ಚೂರು ಸಿಕ್ಕಿಕೊಂಡಿತ್ತು. ತೆಗೆದೆ. ಅವರು ಬೇರೆಲ್ಲೋ ನೋಡಿಕೊಂಡು ಬಟಾಣಿ ಸುಲಿಯುತ್ತಿದ್ದರು.

ಪಾರದರ್ಶಕ ಶೂ ತೋರಿಸುವ ದಿನ ಬಂತು. ಬೇರೆ ಬೇರೆ ಅಂಗಡಿಗಳ ಕಡೆಯಿಂದ ಖರೀದಿಗೆ ಬಂದವರು ಪಡಸಾಲೆಯ ಎರಡೂ ಬದಿಗೆ ಕುರ್ಚಿ ಹಾಕಿಕೊಂಡು ಕೂತರು. ನೆಲವನ್ನು ಒರೆಸಿ ಕನ್ನಡಿ ಮಾಡಿದ್ದರು.

ಇಲ್ಲಿ ನಮ್ಮ ಕೆಲಸದ ಒಂದು ರೀತಿಯನ್ನು ಹೇಳಬೇಕು. ಶೂವನ್ನು ಅಚ್ಚಿನ ಮೇಲೆ ಎಳೆದು ಕಟ್ಟುವಾಗ ಅಡಿಗೆ ಸಣ್ಣ ಮೊಳೆಗಳನ್ನು ಹೊಡೆದಿರುತ್ತಾರೆ. ಅಂಟು ಒಣಗಿದ ಮೇಲೆ ಕಿತ್ತು ತೆಗೆಯುತ್ತಾರೆ. ಒಂದೊಂದು ಸಲ ಒಂದು ಉಳಿದುಬಿಡುತ್ತದೆ. ಉಳಿದರೆ ಮೆತ್ತೆ ಅಂಟಿಸುವಾಗ ನನ್ನ ಬೆರಳಿಗೆ ಸಿಗುತ್ತದೆ. ನನ್ನ ಕೈ ತಪ್ಪಿದರೂ ಚಿಂತೆಯಿಲ್ಲ, ಮೂವತ್ತೇಳು ಒಂದು ಹೆಜ್ಜೆ ಇಟ್ಟರೆ “ಅಯ್ಯೋ” ಎನ್ನುತ್ತಾರೆ. ಅವರ ಕಾಲನ್ನು ನಂಬಿ ಎಲ್ಲರೂ ನೆಮ್ಮದಿಯಾಗಿದ್ದರು. ಈ ಪ್ಲಾಸ್ಟಿಕ್ ಶೂಗೆ ಮೆತ್ತೆ ಬೇಡ, ಒಳಗೆ ಕಂಡರೆ ಅಂದ ಕೆಡುತ್ತದೆ ಎಂದು ಮೇಡಂ ಹೇಳಿಬಿಟ್ಟಿದ್ದರು. ಹಾಗಾಗಿ ಆ ಜೋಡಿ ನನ್ನ ಕೈಗೆ ಬರಲೇ ಇಲ್ಲ.

ಅತ್ತಿಗೆ ನಡೆಯತೊಡಗಿದರು. ನಾನು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೀರಿನಂಥ ಶೂ, ಒಳಗೆ ಅವರ ಬೆಳ್ಳಗಿನ ಪಾದ, ನೇರವಾದ ಬೆನ್ನು. ನಮ್ಮ ಅತ್ತಿಗೆ ನಡೆಯುವುದನ್ನು ನೋಡುವುದೇ ಒಂದು ಚೆಂದ. ಹೋಗುವಾಗ ಏನೂ ಇರಲಿಲ್ಲ. ತಿರುಗಿ ಬರುವಾಗ ಬಲಗಾಲಿನ ಹೆಬ್ಬೆರಳ ಕೆಳಗೆ ಏನೋ ಕೆಂಪಗೆ ಕಂಡಿತು. ಬಣ್ಣವಿರಬಹುದು ಎಂದುಕೊಂಡೆ. ಮುಂದಿನ ಹೆಜ್ಜೆಗೆ ಅದು ಹರಡಿತು. ಪ್ಲಾಸ್ಟಿಕ್ಕಿನ ಒಳಮೈಗೆ ಅಂಟಿಕೊಂಡು ಮೊನಚು ತುದಿಯವರೆಗೆ ಹರಿಯಿತು.

ಕುರ್ಚಿಯ ಮೇಲಿದ್ದವರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಅತ್ತಿಗೆ ನಗುನಗುತ್ತಲೇ ಬಂದರು. ಮೇಡಂ ಎದುರು ನಿಂತು ಎಂದಿನ ಹಾಗೆ, “ಚೆನ್ನಾಗಿದೆ ಮೇಡಂ. ಕಿರುಬೆರಳ ಹತ್ರ ಮಾತ್ರ ಸ್ವಲ್ಪ ಬಿಗಿ,” ಎಂದರು.

ಎಲ್ಲರೂ ಕೆಳಗೆ ನೋಡುತ್ತಿದ್ದರು. ಅತ್ತಿಗೆ ಮಾತ್ರ ನೋಡಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದು ಕೊನೆಗೆ ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದರು. ನಾನು ಅಳುತ್ತಿರುವುದನ್ನು ಕಂಡಾಗ ಅವರಿಗೆ ತಿಳಿಯಿತು. ಆಗಲೂ ಕೆಳಗೆ ನೋಡದೆ ಗೋಡೆಗೆ ಕೈ ಊರಿ ಮೆಲ್ಲನೆ ಕೂತುಬಿಟ್ಟರು.

ಮೇಸ್ತ್ರಿ ಮಂಡಿಯೂರಿ ಶೂ ಬಿಚ್ಚಿದರು. ಮೊಳೆ ಸಣ್ಣದು, ಅಕ್ಕಿ ಕಾಳಿಗಿಂತ ಒಂದಿಷ್ಟು ದೊಡ್ಡದು. “ಇಷ್ಟುದ್ದ ನಡೆದ್ರಲ್ಲ ತಾಯೀ, ಒಂದು ಮಾತು ಅನ್ಬಾರ್ದಾ,” ಎಂದು ಆ ಮುದುಕ ತಲೆ ಚಚ್ಚಿಕೊಂಡರು. ಮೇಡಂ ತಮ್ಮ ಕಾರಿನಲ್ಲೇ ನಮ್ಮನ್ನು ಆಸ್ಪತ್ರೆಗೆ ಕಳಿಸಿದರು. ದಾರಿಯುದ್ದಕ್ಕೂ ಅತ್ತಿಗೆ ನನ್ನ ಕೈಯನ್ನು ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು. “ಕತ್ತರಿಸ್ತಾರಾ? ಕತ್ತರಿಸ್ತಾರಾ?” ಇದೊಂದೇ ಮಾತು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಗಾಯ ತೊಳೆದು ಕಟ್ಟಿದರು, ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಬಹಳ ಏರಿತ್ತು. ಆಮೇಲೆ ಪೊರಕೆ ಕಡ್ಡಿಯ ತುದಿಯಂಥ ಒಂದು ನೈಲಾನ್ ಎಳೆ ಕೈಗೆ ತೆಗೆದುಕೊಂಡರು.

“ಕಣ್ಣು ಮುಚ್ಕೊಳ್ಳಿ. ನಾನು ಕಾಲು ಮುಟ್ಟಿದಾಗ ಎಲ್ಲಿ ಅಂತ ಹೇಳಿ.”

ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಹಣೆಯಲ್ಲಿ ಬೆವರು.

“ಹ್ಞಾಂ, ಅಲ್ಲಿ,” ಎಂದರು ಅತ್ತಿಗೆ ಅವಸರವಾಗಿ. “ಹೆಬ್ಬೆರಳ ಪಕ್ಕ. ಸ್ವಲ್ಪ ಬಿಗಿ ಇದೆ, ಅಷ್ಟೇ.”

“ನಾನಿನ್ನೂ ಮುಟ್ಟಿಲ್ಲಮ್ಮ,” ಎಂದರು ಡಾಕ್ಟರು.

ಎಳೆ ಅವರ ಕೈಯಲ್ಲಿ, ಪಾದದಿಂದ ಒಂದು ಗೇಣು ದೂರದಲ್ಲೇ ಇತ್ತು. ಅತ್ತಿಗೆಯ ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ಕಣ್ಣು ತೆರೆಯಲಿಲ್ಲ. ನಾನು ಅವರ ಭುಜ ಹಿಡಿದುಕೊಂಡೆ. “ಅತ್ತಿಗೆ, ಇಲ್ಲಿ ಯಾರಿಗೂ ಶೂ ಮಾರೋದಿಲ್ಲ. ಇದ್ದದ್ದು ಹೇಳಿ,” ಎಂದೆ.

ಡಾಕ್ಟರು ಮತ್ತೆ ಶುರು ಮಾಡಿದರು. ಎಳೆ ಹೆಬ್ಬೆರಳಿಗೆ ತಾಗಿ ಬಾಗಿತು. ಅತ್ತಿಗೆ ಸುಮ್ಮನಿದ್ದರು. ಉಳಿದ ಬೆರಳುಗಳಿಗೆ ತಾಗಿತು, ಸುಮ್ಮನಿದ್ದರು. ಅಂಗಾಲಿನ ಉಬ್ಬಿಗೆ ತಾಗಿತು. “ಗೊತ್ತಾಗ್ತಿಲ್ಲ,” ಎಂದರು. ನಾನು ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಎಳೆ ಹಿಂದೆ ಹಿಂದೆ ಸರಿಯುತ್ತಾ ಬಂತು. ಪಾದದ ನಡುವಿನ ತಗ್ಗು ದಾಟುವಾಗ ಅತ್ತಿಗೆಯ ಹುಬ್ಬು ಗಂಟಿಕ್ಕಿತು.

“ಅಲ್ಲಿ,” ಎಂದರು, ಬಹಳ ಸಣ್ಣ ದನಿಯಲ್ಲಿ. “ಅಲ್ಲಿ ಏನೋ ಇದೆ.”

ಡಾಕ್ಟರು ಜೇಬಿನ ಪೆನ್ನು ತೆಗೆದು ಅಲ್ಲಿ ಒಂದು ಗೆರೆ ಎಳೆದರು. ಇನ್ನೊಂದು ಕಾಲಿಗೂ ಹಾಗೇ. ಅದರಲ್ಲಿ ಗೆರೆ ಇನ್ನೂ ಸ್ವಲ್ಪ ಮುಂದಿತ್ತು. ಸತ್ತ ಸ್ಪರ್ಶ ತಿರುಗಿ ಬರುವ ಭರವಸೆ ಕೊಡಲಾರೆ, ಗಾಯ ಮಾಯುವ ಹಾಗೆ ಕಾಣುತ್ತದೆ, ಗೆರೆ ಹಿಂದಕ್ಕೆ ಸರಿಯದಂತೆ ನೋಡಿಕೊಳ್ಳುವುದು ಔಷಧಿಯ ಮತ್ತು ನಿಮ್ಮ ಕೈಯಲ್ಲಿದೆ, ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು ಎಂದರು. ಕತ್ತರಿಸುವ ಮಾತು ಅವರ ಬಾಯಲ್ಲಿ ಬರಲಿಲ್ಲ. ಅದು ಬರಬಹುದೆಂದು ಕಾಯುತ್ತಾ ನಾವಿಬ್ಬರೂ ಅವರ ತುಟಿಯನ್ನೇ ನೋಡುತ್ತಿದ್ದೆವು.

ಅತ್ತಿಗೆ ಬಗ್ಗಿ ಆ ಗೆರೆಯನ್ನು ನೋಡಿದರು. “ಅಮ್ಮನಿಗೆ ಈ ಗೆರೆ ಎಲ್ಲಿತ್ತೋ, ಯಾರೂ ನೋಡ್ಲೇ ಇಲ್ಲ,” ಎಂದರು.

ಹೊರಡುವಾಗ ಆಸ್ಪತ್ರೆಯವರು ಕೊಟ್ಟ ಅಗಲವಾದ, ಪಟ್ಟಿಯಿದ್ದ ಕಪ್ಪು ಚಪ್ಪಲಿಯನ್ನು ನಾನು ನೆಲದ ಮೇಲೆ ಕೂತು ಅವರ ಕಾಲಿಗೆ ತೊಡಿಸಿದೆ. ಯಾವ ಫ್ಯಾಷನ್ನಿಗೂ ಸೇರದ ಚಪ್ಪಲಿ ಅದು. ಪಟ್ಟಿ ಎಳೆದು ಕಟ್ಟುತ್ತಾ, ವರ್ಷಗಟ್ಟಲೆ ಕೇಳಿ ಕೇಳಿ ಅಭ್ಯಾಸವಾದ ಪ್ರಶ್ನೆ ನನ್ನ ಬಾಯಿಂದಲೂ ಬಂದುಬಿಟ್ಟಿತು.

“ಹೇಗಿದೆ ಅತ್ತಿಗೆ? ಬಿಗಿ ಆಯ್ತಾ?”

ಅವರು ಕಾಲನ್ನು ಸ್ವಲ್ಪ ನನ್ನ ಕಡೆಗೆ ಚಾಚಿದರು.

“ನೀನೇ ನೋಡಿ ಹೇಳು,” ಎಂದರು.