ಅಕ್ಕ ಚಾಚಿದ ಖಾಲಿ ಕಂಡಿಕೆ

ಒಬ್ಬಾಕೆ ತನ್ನ ತಲೆಗೆ ತಾನೇ ಗುದ್ದಿಕೊಂಡಾಗ ಮಾತ್ರ ಇಡೀ ಮನೆ ಆಕೆಯ ಬಳಿಗೆ ಓಡಿ ಬರುವುದಾದರೆ, ಗುದ್ದಿಕೊಳ್ಳುವುದನ್ನು ಆಕೆಗೆ ಕಲಿಸಿದವರು ಯಾರೆಂದು ನೀವು ಹೇಳುವಿರಿ?

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪ್ರಶ್ನೆಯನ್ನು ಎದುರಿಗಿಟ್ಟು, ಎದುರಾಳಿ ಉತ್ತರ ಹುಡುಕುವುದರೊಳಗೆ ಮುಂದಿನ ವಾದಕ್ಕೆ ಸರಿಯಬೇಕೆಂದು ಅಲ್ಲಿ ನಮಗೆ ಹೇಳಿಕೊಡುತ್ತಿದ್ದರು. ಈ ಪ್ರಶ್ನೆಯಿಂದ ಮಾತ್ರ ನನಗೆ ಮುಂದಕ್ಕೆ ಸರಿಯಲಾಗಿಲ್ಲ. ಇದು ನಮ್ಮ ಮನೆಯ ಪಡಸಾಲೆಯಲ್ಲೇ ಹುಟ್ಟಿದ ಪ್ರಶ್ನೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಪಡಸಾಲೆಯ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಅಪ್ಪ ಮಗ್ಗ ನೇಯುತ್ತಾನೆ. ಪಕ್ಕದಲ್ಲಿ ಅವ್ವ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಾಳೆ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹೊಟ್ಟೆಯೊಳಗೆ ಕೂತು ಸೀರೆಯ ಅಡ್ಡನೂಲನ್ನು ಬಿಚ್ಚಿಕೊಡುವ ಬೆರಳುದ್ದದ ಕೊಳವೆಗೆ ನಮ್ಮಲ್ಲಿ ಕಂಡಿಕೆ ಎನ್ನುತ್ತಾರೆ. ಇವರಿಬ್ಬರ ನಡುವೆ, ಗೋಡೆಗೊರಗಿ, ನನ್ನ ಅಕ್ಕ ಕೂತಿರುತ್ತಾಳೆ. ಆಕೆಗೆ ಮೂವತ್ತು ದಾಟಿದೆ. ಬುದ್ಧಿಯ ಬೆಳವಣಿಗೆ ಹುಟ್ಟಿನಿಂದಲೂ ನಿಧಾನ. ಮಾತು ಬರಲೇ ಇಲ್ಲ. ಎಳವೆಯಲ್ಲೆಂದೋ ಆಕೆ ಮುಷ್ಟಿ ಬಿಗಿದು ಕಣ್ಣಿನ ಪಕ್ಕಕ್ಕೇ ಗುದ್ದಿಕೊಳ್ಳಲು ಆರಂಭಿಸಿದಳು. ಗುದ್ದಿ ಗುದ್ದಿ ಎಡಗಣ್ಣು ಹೋಯಿತು. ಬಲಗಣ್ಣನ್ನು ಪರೀಕ್ಷಿಸಿದ ವೈದ್ಯರು, "ಇನ್ನೂ ಹಿಂಗ ಏಟು ಬಿದ್ರ ಇದನ್ನ ಉಳಸ್ತೀನಿ ಅಂತ ಮಾತು ಕೊಡಾಕ ಆಗಂಗಿಲ್ರಿ" ಎಂದರು.

ಅಂದಿನಿಂದ ಅವ್ವ ಅಕ್ಕನ ಮಣಿಕಟ್ಟುಗಳನ್ನು ಹಳೆಯ ಸೀರೆಯ ಮೆತ್ತನೆಯ ಪಟ್ಟಿಯಿಂದ ಜೋಡಿಸಿ ಕಟ್ಟತೊಡಗಿದಳು. ಉಣ್ಣುವಾಗ, ಮೀಯುವಾಗ ಮಾತ್ರ ಬಿಚ್ಚುತ್ತಿದ್ದಳು.

ಮನುಷ್ಯರನ್ನು ಕಟ್ಟಿಹಾಕುವುದು ಅನ್ಯಾಯವೆಂದು ನಾನು ವಾದಿಸಿದೆ. ಘನತೆ, ಹಕ್ಕು, ಸ್ವಾತಂತ್ರ್ಯ ಎಂಬ ಪದಗಳೆಲ್ಲ ಅಡುಗೆಮನೆಯಲ್ಲಿ ಸಾಲಾಗಿ ನಿಂತವು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಆತು, ಬಿಚ್ಚತೀನಿ. ಕಣ್ಣು ಹ್ವಾದ್ರ ನಿನ್ನ ಹಕ್ಕು ಬಂದು ಅಕೀ ಕೈ ಹಿಡದು ಬಚ್ಚಲಿಗೆ ಕರಕೊಂಡು ಹೋಗತೈತೇನ?"

ಚರ್ಚಾಸ್ಪರ್ಧೆಯಲ್ಲಿ ವಿಷಯದ ಪರವಾಗಿಯೂ ವಿರುದ್ಧವಾಗಿಯೂ ಮಾತಾಡುವ ಅಭ್ಯಾಸ ನನಗಿತ್ತು. ಎರಡೂ ಪಕ್ಷಗಳು ಒಟ್ಟಿಗೇ ಸರಿಯಾಗಿರಬಹುದೆಂದು ಅಲ್ಲಿ ಯಾರೂ ಹೇಳಿರಲಿಲ್ಲ.

ಅಕ್ಕನ ಕೈ ಬಿಚ್ಚಿದ ಹೊತ್ತಿನಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗದು. ಆಕೆ ಗುದ್ದಿಕೊಂಡ ಕೂಡಲೇ ಮಗ್ಗದ ಸದ್ದು ನಿಲ್ಲುತ್ತಿತ್ತು. ಅಪ್ಪ ಕುಣಿಯಿಂದೆದ್ದು ಬಂದು ಆಕೆಯ ಮಗ್ಗುಲಲ್ಲಿ ಕೂತು ತಲೆ ಸವರುತ್ತಿದ್ದ. ಅವ್ವ ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬಾರದಿದ್ದರೆ, "ನೋಡ್ರಿ, ಎಷ್ಟ್ ದೃಷ್ಟಿ ಆಗೇತಿ ನನ್ನ ಮಗಳಿಗೆ!" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ದೃಷ್ಟಿ ತೆಗೆದ ಮೇಲೆ ಬಾಯಿಗೆ ಬೆಲ್ಲ ಹಾಕುವುದು ನಮ್ಮ ಮನೆಯ ಪದ್ಧತಿ. ಬೆಲ್ಲ ಕರಗುವ ಹೊತ್ತಿಗೆ ಅಕ್ಕ ಶಾಂತಳಾಗಿರುತ್ತಿದ್ದಳು. ಮೆಣಸಿನಕಾಯಿಯ ಮಹಿಮೆಗೆ ನಮಗೆ ಬೇರೆ ಪುರಾವೆ ಬೇಕಿರಲಿಲ್ಲ.

ಗದಗಿನ ವಿಶೇಷ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ವರ್ತನಾ ತರಬೇತುದಾರರೊಬ್ಬರನ್ನು ನಾನು ಹುಡುಕಿ ಮನೆಗೆ ಕರೆತಂದೆ. ಅವರು ಮೊದಲು ಹಲ್ಲು ಮತ್ತು ಕಿವಿ ತೋರಿಸಿಕೊಂಡು ಬರಲು ಹೇಳಿದರು. ಒಳಗೆ ನೋವಿದ್ದರೆ, ಅದನ್ನು ಹೇಳಲಾಗದವರು ಹೀಗೆಯೇ ಹೊಡೆದುಕೊಳ್ಳುತ್ತಾರಂತೆ. ಅಲ್ಲೇನೂ ಸಿಗಲಿಲ್ಲ. ಆಮೇಲೆ ಅವರು ಹಲವು ಸಲ ಬಂದು, ಪಡಸಾಲೆಯ ಮೂಲೆಯಲ್ಲಿ ಕೂತು ಬರಿದೇ ನೋಡಿದರು. ಗುದ್ದುವ ಮೊದಲು ಏನಾಗುತ್ತದೆ, ಗುದ್ದಿದ ಮೇಲೆ ಏನಾಗುತ್ತದೆ ಎಂಬುದಷ್ಟೇ ಅವರಿಗೆ ಬೇಕಿತ್ತು.

ಕೊನೆಗೆ ಅವರು ಅವ್ವನನ್ನೇ ಕೇಳಿದರು: "ಅಮ್ಮಾರ, ಸುಮ್ಮ ಕುಂತಾಗ ಅಕೀ ಹತ್ರ ಯಾರರ ಬರ್ತಾರೇನ್ರಿ?"

"ಸುಮ್ಮ ಕುಂತಾಕೀ ಹತ್ರ ಯಾಕ ಬರಬೇಕ್ರಿ ಮೇಡಮ್ಮಾರ? ಕೆಲಸ ಇರೂದಿಲ್ಲೇನ್ರಿ?"

ಹೇಳಿ ಮುಗಿಸಿದ ಅವ್ವ ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ರಾಟೆಯಿಂದ ಕೈ ತೆಗೆದಳು. ರಾಟೆ ಒಂದು ಸುತ್ತು ತಾನಾಗಿ ತಿರುಗಿ ನಿಂತಿತು.

ಮಾತಿಲ್ಲದ ಅಕ್ಕನಿಗೆ ಅಪ್ಪನನ್ನು ಕುಣಿಯಿಂದ ಎಬ್ಬಿಸುವ ಹಾದಿ ಒಂದೇ ಇತ್ತು. ಆ ಹಾದಿಯನ್ನು ಉಪ್ಪು, ಮೆಣಸಿನಕಾಯಿ, ಬೆಲ್ಲ ಹಾಕಿ ಗಟ್ಟಿಗೊಳಿಸಿದವರು ನಾವು. ಬೈಯುವುದಕ್ಕೆ ಇಲ್ಲಿ ಯಾರೂ ಇಲ್ಲ. ಪ್ರೀತಿಯೇ ತಪ್ಪು ಹೊತ್ತಿಗೆ ಬರುತ್ತಿತ್ತು, ಅಷ್ಟೆ. ಹೊಡೆಯದೆಯೇ ಕರೆಯುವ ಇನ್ನೊಂದು ಹಾದಿಯನ್ನು ತೋರಿಸದೆ ಇದನ್ನು ಮುಚ್ಚಬಾರದೆಂದು ತರಬೇತುದಾರರು ಖಡಾಖಂಡಿತವಾಗಿ ಹೇಳಿದರು. ಚಿತ್ರವಿರುವ ಚೀಟಿಗಳನ್ನು ತಂದರು. ಅಕ್ಕ ಅವನ್ನು ಬಾಯಿಗಿಟ್ಟಳು. ಕಡೆಗೆ ಅವ್ವನ ಬುಟ್ಟಿಯಲ್ಲಿದ್ದ ನೂಲು ಮುಗಿದ ಕಂಡಿಕೆಯೊಂದು ಆಕೆಯ ಬೆರಳುಗಳಿಗೆ ಹಿಡಿಸಿತು.

ಕಲಿಕೆಯ ಹೊತ್ತಿನಲ್ಲಿ ಕೈಯ ಪಟ್ಟಿ ಬಿಚ್ಚಿಡಬೇಕು. ಖಾಲಿ ಕಂಡಿಕೆ ಚಾಚಿದರೆ 'ಬಾ' ಎಂದರ್ಥ. ಅಪ್ಪ ತಕ್ಷಣ ಮಗ್ಗ ನಿಲ್ಲಿಸಿ, ಅದನ್ನು ಇಸಿದುಕೊಂಡು, ಆಕೆಯ ಪಕ್ಕ ಕೂರಬೇಕು. ಬೆಲ್ಲವೂ ಆಗಲೇ ಸಿಗಬೇಕು. ಮುಷ್ಟಿ ಎದ್ದರೆ ಕೈಗೂ ಮುಖಕ್ಕೂ ನಡುವೆ ದಿಂಬು ಹಿಡಿದು ಏಟು ತಡೆಯಬೇಕು, ಆದರೆ ಮಾತಿಲ್ಲದೆ. ನಿವಾಳಿಸುವುದಾಗಲಿ ಅಳುವುದಾಗಲಿ ಕೂಡದು. ಮುಷ್ಟಿ ಏಳುವ ಮುನ್ನವೇ ತರಬೇತುದಾರರು ಅಕ್ಕನ ಕೈಯನ್ನು ಮೆಲ್ಲಗೆ ಹಿಡಿದು ಕಂಡಿಕೆಯನ್ನು ಅಪ್ಪನತ್ತ ಚಾಚಿಸುತ್ತಿದ್ದರು.

ಮೊದಲಲ್ಲಿ ಪರಿಸ್ಥಿತಿ ಕೆಟ್ಟಿತು. ಹೀಗಾಗಬಹುದೆಂದು ಅವರು ಎಚ್ಚರಿಸಿದ್ದರೂ, ಕೇಳುವುದು ಬೇರೆ, ಕಣ್ಣೆದುರು ಕಾಣುವುದು ಬೇರೆ. ಹಳೆಯ ಕರೆಗೆ ಮನೆ ಓಗೊಡದಾದಾಗ ಅಕ್ಕ ಇನ್ನಷ್ಟು ಜೋರಾಗಿ ಕರೆದಳು. ದಿಂಬು ಹಿಡಿದ ನನ್ನ ಅಂಗೈಗೆ ಆ ಗುದ್ದುಗಳು ಬಂದು ಬೀಳುತ್ತಿದ್ದವು. ಕೈ ಹಿಂತೆಗೆದುಕೊಳ್ಳುವಂತಿರಲಿಲ್ಲ, ಒಂದು ತಪ್ಪಿದರೆ ಬಲಗಣ್ಣು. ಓಣಿಯವರು ಬಾಗಿಲಲ್ಲಿ ನೆರೆದರು. ಲಕ್ಷ್ಮೇಶ್ವರದಿಂದ ಅತ್ತೆ ಬಂದಿಳಿದಳು. ಅತ್ತೆ ಅಪ್ಪನ ಅಕ್ಕ. ನಮ್ಮ ಮನೆಯ ಮೇಲೆ ಆಕೆಯ ಅಧಿಕಾರ ಯಾವತ್ತೂ ಕಡಿಮೆಯಾದದ್ದಿಲ್ಲ.

"ಏನಿದು? ಕೂಸು ಹೊಡಕೊಳ್ಳಾಕತ್ತೈತಿ, ನೀವು ಮಕಾ ತಿರಿವಿ ಕುಂತೀರಿ! ಕಲ್ಲಿನ್ಯಾಗ ಮಾಡ್ಯಾರೇನು ನಿಮ್ಮನ್ನ?"

"ಅತ್ತೀ, ಬೆಲ್ಲ ಈಗ ಕೊಡಬ್ಯಾಡ. ಕಂಡಿಕಿ ಚಾಚಿದಾಗ ಕೊಡು. ಈಗ ಕೊಟ್ರ—"

"ನಿನ್ನ ಭಾಷಣ ಕಾಲೇಜಿನ್ಯಾಗ ಇಟ್ಟು ಬಾರವಾ. ಸ್ಪರ್ಧಾದಾಗ ಕಪ್ಪು ಗೆದ್ದಂಗಲ್ಲ ಇದು."

ಅತ್ತೆ ಬೆಲ್ಲ ಕೊಟ್ಟೇ ಕೊಟ್ಟಳು. ಇದ್ದಷ್ಟು ದಿನವೂ ಸೆರಗಿನ ಗಂಟಿನಿಂದ ತೆಗೆದು, ಗುದ್ದಿದಾಗೊಮ್ಮೆ ತಿನ್ನಿಸಿದಳು. ಆಕೆ ಊರಿಗೆ ಮರಳಿದ ಮೇಲೆ ನಾವು ಮತ್ತೆ ಮೊದಲಿನಿಂದ ಹಿಡಿಯಬೇಕಾಯಿತು.

ಆದರೂ ಹಿಡಿದೆವು. ಒಂದು ಮಧ್ಯಾಹ್ನ, ಯಾರೂ ಕೈ ಮುಟ್ಟದೆ, ಅಕ್ಕ ತಾನಾಗಿಯೇ ಕಂಡಿಕೆಯನ್ನು ಅಪ್ಪನತ್ತ ಚಾಚಿದಳು. ಅಪ್ಪ ಲಾಳಿಯನ್ನು ನಡುದಾರಿಯಲ್ಲೇ ಬಿಟ್ಟು ಎದ್ದ. ಆಮೇಲಂತೂ ಬಿಟ್ಟೂ ಬಿಡದೆ ಕರೆ. ಕೂರುವುದು, ಏಳುವುದು, ಕೂರುವುದು.

"ಈಕಿ ಹಿಂಗ ಕರದ್ರ ಈ ಸೀರಿ ಉಡೋ ಮದುಮಗಳು ಮುದುಕಿ ಆಗ್ತಾಳ," ಎಂದು ಅಪ್ಪ ಗೊಣಗಿದ.

"ಇಷ್ಟ್ ವರ್ಷ ನಾ ಕರದ್ರ ಒಮ್ಮೆರ ಎದ್ದೀರೇನು? ನನಗೂ ಒಂದು ಕಂಡಿಕಿ ಕೊಡ್ರಿ," ಎಂದಳು ಅವ್ವ. ಅಷ್ಟೊಂದು ಕಾಲದ ನಂತರ ಆ ಪಡಸಾಲೆಯಲ್ಲಿ ನಗು ಕೇಳಿದ್ದು ನನಗೆ ನೆನಪಿದೆ.

ಕಂಡಿಕೆ ಕೊಟ್ಟು ತುಸು ಕಾಯುವುದನ್ನೂ ಅಕ್ಕ ನಿಧಾನವಾಗಿ ಕಲಿತಳು. ಸೀರೆಪಟ್ಟಿ ಗೂಟಕ್ಕೇರಿತು. ಆಕೆಯ ಮಣಿಕಟ್ಟುಗಳ ಮೇಲಿನ ಕಪ್ಪು ಬಳೆಯಂಥ ಗುರುತು ಮಾಸತೊಡಗಿತು. ಅವ್ವ ಅಲ್ಲಿಗೆ ಹಸಿರು ಬಳೆ ತೊಡಿಸಿದಳು. ಎಂದಾದರೊಮ್ಮೆ ಮುಷ್ಟಿ ಏಳುತ್ತಿತ್ತು, ಅಷ್ಟೆ. ನಾವು ಗೆದ್ದೆವೆಂದು ನಾನು ತೀರ್ಮಾನಿಸಿದೆ.

ಅಷ್ಟರಲ್ಲಿ ಶಿರಹಟ್ಟಿಯಲ್ಲಿ ಬಳಗದ ಮದುವೆ ಬಂತು. "ಕೈ ಕಟ್ಟಿ ಕರಕೊಂಡ ಬರ್ರಿ, ಇಲ್ಲಂದ್ರ ಮನ್ಯಾಗ ಬಿಟ್ಟ ಬರ್ರಿ," ಎಂದು ಅತ್ತೆ ಫೋನಿನಲ್ಲಿ ಹೇಳಿದಳು. ನಾವು ಎರಡನ್ನೂ ಮಾಡಲಿಲ್ಲ. ಅಕ್ಕ ಹೊಸ ಸೀರೆಯುಟ್ಟು, ಕಟ್ಟಿಲ್ಲದ ಕೈಯಲ್ಲಿ ಕಂಡಿಕೆ ಹಿಡಿದು, ಬಸ್ಸಿನ ಕಿಟಕಿಯ ಪಕ್ಕ ಕೂತು ಬಂದಳು.

ಅಕ್ಷತೆ ಮುಗಿದು ಊಟದ ಪಂಕ್ತಿ ಕೂತಿತ್ತು. ಅಪ್ಪನನ್ನು ಹಿರಿಯರು ಮಾತಿಗೆ ಕರೆದೊಯ್ದಿದ್ದರು. ಅಕ್ಕನಿಗೆ ತುತ್ತು ಕೊಡುತ್ತಿದ್ದ ಅವ್ವ ನೀರು ತರಲೆಂದು ಎದ್ದಿದ್ದಳು. ಬಡಿಸುವ ಕೈ ಸಾಲದೆಂದು ನನ್ನ ಕೈಗೆ ಅನ್ನದ ಬಕೀಟು ಬಂದಿತ್ತು. ಸಾಲಿನ ಆ ತುದಿಯಿಂದ ನಾನು ನೋಡಿದೆ: ಅಕ್ಕ ಪಕ್ಕದಲ್ಲಿದ್ದ ಮುದುಕಿಯೊಬ್ಬಳತ್ತ ಕಂಡಿಕೆ ಚಾಚುತ್ತಿದ್ದಳು. ಆಕೆ ಹೊಂಬಳದ ಕಡೆಯ ಒಕ್ಕಲುಮನೆಯವಳು, ಮೃದು ಮುಖದವಳು.

"ಏನವಾ ಇದು? ನನಗ್ಯಾಕ? ನೀನ ಇಟ್ಕೋ, ಆಟ ಆಡು," ಎನ್ನುತ್ತ ಮುದುಕಿ ಅದನ್ನು ಅಕ್ಕನ ಮಡಿಲಿಗೇ ಹಾಕಿ, ಗಲ್ಲ ಮುಟ್ಟಿ ಮುದ್ದಿಟ್ಟು, ತನ್ನ ಎಲೆಗೆ ತಿರುಗಿದಳು.

ಅಕ್ಕ ಕಂಡಿಕೆಯನ್ನೆತ್ತಿ ಮತ್ತೆ ಚಾಚಿದಳು. ಮುದುಕಿ ಗೋಧಿಯ ಸಿಹಿ ಹುಗ್ಗಿ ಕಲಸುತ್ತಿದ್ದಳು. ಅಕ್ಕ ಈಚೆ ಪಕ್ಕದವರತ್ತ ಚಾಚಿದಳು. ಅವರು ಬಡಿಸುವವರನ್ನು ಕೂಗುತ್ತಿದ್ದರು. ನಾನು ಬಕೀಟು ಕೆಳಗಿಟ್ಟು ಎಲೆಗಳ ನಡುವೆ ಓಡಿದೆ. ಕಂಡಿಕೆ ನೆಲಕ್ಕುರುಳಿತು. ಮುಷ್ಟಿ ಎದ್ದಿತು.

ಒಂದೇ ಸಮನೆ ಬಿದ್ದ ಆ ಸದ್ದಿಗೆ ಇಡೀ ಪಂಕ್ತಿ ಎದ್ದು ಬಂತು. ಅತ್ತೆ ನಿವಾಳಿಸಿದಳು. ಯಾರೋ ಬೀಸಣಿಗೆ ಬೀಸಿದರು. ಅದೇ ಮುದುಕಿ, "ಅಯ್ಯ ನನ್ನ ಕಂದಾ!" ಎಂದು ಅಳುತ್ತ ತನ್ನ ಎಲೆಯ ಹುಗ್ಗಿಯನ್ನೇ ತೆಗೆದು ಅಕ್ಕನ ಬಾಯಿಗಿಟ್ಟಳು. ಬಲಹುಬ್ಬು ಒಡೆದು ನೆತ್ತರು ರೆಪ್ಪೆಯ ಮೇಲೆ ಇಳಿಯುತ್ತಿತ್ತು. ಅಕ್ಕ ಹುಗ್ಗಿ ನುಂಗುತ್ತ, ತನ್ನ ಸುತ್ತ ನೆರೆದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

ಹಿಂದಿರುಗುವ ಬಸ್ಸಿನಲ್ಲಿ ಆಕೆ ತನ್ನೆರಡೂ ಕೈಗಳನ್ನು ಜೋಡಿಸಿ ಅವ್ವನ ಮುಂದೆ ಹಿಡಿದಳು. ಕಟ್ಟು, ಎನ್ನುವಂತೆ. ಅವ್ವ ನನ್ನ ಮುಖ ನೋಡಿದಳು. ಆ ಕೈಗಳನ್ನು ಎದೆಗೊತ್ತಿಕೊಂಡು ಬೆಟಗೇರಿ ಬರುವವರೆಗೆ ಹಾಗೆಯೇ ಕೂತಳು. ಕಂಡಿಕೆ ಮದುವೆಮನೆಯ ಎಂಜಲೆಲೆಗಳ ಜೊತೆ ಹೋಗಿತ್ತು.

ಬಲಗಣ್ಣು ಸದ್ಯಕ್ಕೆ ಉಳಿದಿದೆ. ಸದ್ಯಕ್ಕೆ ಎಂಬುದು ವೈದ್ಯರ ಮಾತು. ಹೊಸ ಕಂಡಿಕೆ ಕೈಗೆ ಬಂದಿದೆ, ಅಪ್ಪ ಏಳುತ್ತಾನೆ, ಆಕೆ ಕರೆಯುತ್ತಾಳೆ. ಆದರೆ ಮನೆಗೆ ನೆಂಟರು ಬಂದ ದಿನ, ಅಪ್ಪ ಮುಂಡರಗಿಗೆ ಹೋದ ದಿನ, ಸೀರೆಪಟ್ಟಿ ಗೂಟದಿಂದಿಳಿಯುತ್ತದೆ. ಈಗ ನಾನು ಹಕ್ಕಿನ ಮಾತೆತ್ತಿದರೆ ಅವ್ವ ಬೈಯುವುದಿಲ್ಲ. "ವಾದ ಬ್ಯಾಡವಾ. ನಾನೂ ನಿಮ್ಮಪ್ಪಾನೂ ಸತ್ತ ಮ್ಯಾಲೆ ಅಕೀ ಕಂಡಿಕೀನ ಯಾರಿಗೆ ಚಾಚಬೇಕು? ಅಷ್ಟ ಹೇಳು," ಎನ್ನುತ್ತಾಳೆ.

ನನಗೆ ಎಂದು ನಾನು ಹೇಳಬಲ್ಲೆ. ಆದರೆ ನಾನೊಬ್ಬಳೇ ಸಾಲದೆಂಬುದನ್ನು ಶಿರಹಟ್ಟಿಯ ಪಂಕ್ತಿಯಲ್ಲಿ ನೋಡಿಬಂದಿದ್ದೇನೆ. ಒಂದೇ ಮನೆಗೆ ಗೊತ್ತಿರುವ ನುಡಿಯನ್ನು ಹಿಡಿದುಕೊಂಡು ಯಾರೂ ಓಣಿ ದಾಟಲಾರರು. ಅಂದು ಆ ಮುದುಕಿಯ ಕೈಗೆ ಆ ಕೊಳವೆಯನ್ನು ಇಸಿದುಕೊಳ್ಳಲು ತಿಳಿದಿದ್ದರೆ ನೆತ್ತರು ಬೀಳುತ್ತಿರಲಿಲ್ಲ. ಆಕೆಯ ಕರುಣೆಯಲ್ಲಿ ಕೊರತೆಯಿರಲಿಲ್ಲ. ಅದು ಒಂದು ಗಳಿಗೆ ಮೊದಲೇ ಬರಬೇಕಿತ್ತು.

ಆದ್ದರಿಂದ ನಿಮ್ಮಲ್ಲಿ ಇಷ್ಟೇ ಕೇಳುತ್ತೇನೆ. ನಿಮ್ಮ ಓಣಿಯಲ್ಲಿ ಇಂಥ ಮನೆಯೊಂದು ಇದ್ದೇ ಇರುತ್ತದೆ. ಈ ವಾರ ಅಲ್ಲಿಗೆ ಹೋಗಿ. ಆ ಮನೆಯ ಮಗ ಅಥವಾ ಮಗಳು 'ಬಾ' ಎನ್ನುವುದು ಹೇಗೆಂದು ಕೇಳಿ, ಕಲಿತುಕೊಳ್ಳಿ. ಮನೆಯವರಿಗೂ ಗೊತ್ತಿಲ್ಲವೆಂದರೆ, ಬಲ್ಲ ತರಬೇತುದಾರರನ್ನು ಹುಡುಕಲು ಅವರ ಜೊತೆ ನಡೆಯಿರಿ. ಆ ಮಗ ಅಥವಾ ಮಗಳು ಸುಮ್ಮನೆ ಕೂತಿರುವಾಗಲೇ ಹೋಗಿ ಪಕ್ಕದಲ್ಲಿ ಕೂರಿ. ಅವರು ಏನನ್ನಾದರೂ ನಿಮ್ಮತ್ತ ಚಾಚಿದರೆ, ದಯವಿಟ್ಟು ಇಸಿದುಕೊಳ್ಳಿ.